ಕತ್ತಿಯ ಬಾಯಿಗೆ ಮೂರು ಮಿಲಿಮೀಟರ್

ಪುಸ್ತಕವೊಂದು ಮುದ್ರಣಾಲಯದ ಬಾಗಿಲು ದಾಟುವ ಮೊದಲು ಕೊನೆಯದಾಗಿ ಹೋಗುವುದು ಕಟಿಂಗ್ ಮೆಷಿನ್ನಿಗೆ. ಮಡಿಚಿದ ಫಾರಂಗಳನ್ನು ಜೋಡಿಸಿ, ಬೆನ್ನಿಗೆ ಅಂಟು ಬಳಿದು, ರಕ್ಷಾಪುಟ ಹೊದಿಸಿದ ಮೇಲೆ ಪ್ರತಿಗಳನ್ನು ಒಂದರ ಮೇಲೊಂದು ಪೇರಿಸಿ ತಲೆ, ಬುಡ, ಎದುರಂಚು ಮೂರನ್ನೂ ಕತ್ತರಿಸುತ್ತಾರೆ. ಮೇಲಿನ ಪ್ರತಿಗೂ ಅಡಿಯ ಪ್ರತಿಗೂ ಕತ್ತಿ ಬೀಳುವ ಜಾಗ ಒಂದೇ ಆಗಿರುವುದಿಲ್ಲ. ಮಳೆಗಾಲದ ತೇವಕ್ಕೆ ಕಾಗದ ಹಿಗ್ಗುತ್ತದೆ, ಮಡಿಕೆ ತುಸು ಓರೆಯಾಗುತ್ತದೆ, ಬ್ಲೇಡಿನ ಒತ್ತಡಕ್ಕೆ ಅಟ್ಟಿ ಜರುಗುತ್ತದೆ. ಮಿಲಿಮೀಟರಿನಷ್ಟು ಅತ್ತಿತ್ತ ಆದರೆ ಅದು ಮುದ್ರಕರ ತಪ್ಪಲ್ಲ, ಈ ಕೆಲಸದ ಸ್ವಭಾವವೇ ಹಾಗೆ.

ಅಂಚಿನವರೆಗೂ ಬಣ್ಣ ಇರುವ ಮುಖಪುಟಕ್ಕೆ ಈ ಒಂದು ಮಿಲಿಮೀಟರೇ ಕಂಟಕ. ಕಡುನೀಲಿ ಹಿನ್ನೆಲೆ ಸರಿಯಾಗಿ ಅಳತೆಗೇ ನಿಂತಿದ್ದರೆ, ಕತ್ತಿ ಸ್ವಲ್ಪ ಹೊರಗೆ ಬಿದ್ದ ಪ್ರತಿಗಳಲ್ಲೆಲ್ಲ ಅಂಚಿನುದ್ದಕ್ಕೂ ಬಿಳಿ ಗೆರೆ ಕಾಣುತ್ತದೆ. ಅದಕ್ಕೇ ಬಣ್ಣವನ್ನೂ ಚಿತ್ರವನ್ನೂ ಕತ್ತರಿಸುವ ಗೆರೆಯಾಚೆಗೆ ಮೂರು ಮಿಲಿಮೀಟರ್ ಬೆಳೆಸಿ ಕೊಡಬೇಕು. ಇಂಚಿನಲ್ಲಿ ಹೇಳುವವರ ಲೆಕ್ಕ 0.125, ಹೆಚ್ಚುಕಡಿಮೆ ಅಷ್ಟೇ. ಪ್ರೆಸ್ಸಿನವರ ಬಾಯಲ್ಲಿ ಇದು ‘ಬ್ಲೀಡ್’. ದರ್ಜಿ ಹೊಲಿಗೆಯೊಳಗೆ ಬಿಡುವ ಬಟ್ಟೆಯ ಹಾಗೆ, ಇದು ಕಾಣುವುದಕ್ಕಲ್ಲ, ಕಳೆದುಕೊಳ್ಳುವುದಕ್ಕೆಂದೇ ಇರುವ ಭಾಗ.

ತಮ್ಮ ಪುಸ್ತಕವನ್ನು ತಾವೇ ಪ್ರಕಟಿಸುವುದು ಕನ್ನಡಕ್ಕೆ ಹೊಸದಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ಸುತ್ತಿ ಮಾರಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೇ ನಡೆಸಿದರು. ಪೂರ್ಣಚಂದ್ರ ತೇಜಸ್ವಿಯವರ ಕೃತಿಗಳು ಅವರದೇ ‘ಪುಸ್ತಕ ಪ್ರಕಾಶನ’ದಿಂದ ಬಂದವು. ಅಂದು ಅಳತೆ, ಅಂಚು, ಕಾಗದಗಳ ವಿಚಾರ ಗೊತ್ತಿದ್ದವರು ಲೇಖಕರ ಪಕ್ಕದಲ್ಲೇ ಇರುತ್ತಿದ್ದರು. ಇಂದು ಡಿಜಿಟಲ್ ಮುದ್ರಣದಿಂದಾಗಿ ಐವತ್ತು ಪ್ರತಿಯನ್ನೂ ಅಚ್ಚು ಹಾಕಿಸಬಹುದು. 2008ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪೋಥಿ ಡಾಟ್ ಕಾಮ್‌ನಂಥ ಸೇವೆಗಳು, ಬೇಡಿಕೆ ಬಂದಷ್ಟೇ ಪ್ರತಿ ಮುದ್ರಿಸುವುದನ್ನು ಸಾಮಾನ್ಯ ಲೇಖಕರ ಕೈಗೂ ಎಟುಕಿಸಿವೆ. ದಾರಿ ಸಲೀಸಾಗಿದೆ, ನಿಜ. ಆದರೆ ಅಚ್ಚಿಗೆ ಸಿದ್ಧವಾದ ಪಿಡಿಎಫ್ ಕೊಡುವ ಹೊಣೆಯೂ ಲೇಖಕರ ಹೆಗಲಿಗೇ ಬಂದಿದೆ.

ಈ ಹೊಣೆ ಶುರುವಾಗುವುದು ಕೊನೆಯಲ್ಲಲ್ಲ, ಮೊದಲ ದಿನವೇ. ಪುಸ್ತಕದ ಅಳತೆ ತೀರ್ಮಾನವಾಗದೆ ಮುಖಪುಟ ಬರೆಸುವುದೆಂದರೆ ಮುಂದೆ ತೊಂದರೆಯನ್ನು ಕರೆದು ಕೂರಿಸಿದಂತೆ. ಕನ್ನಡದ ಕಥೆ, ಕವನ, ಕಾದಂಬರಿಗಳು ಬಹುಪಾಲು ಡೆಮಿ 1/8 ಆಕಾರದಲ್ಲಿ ಬರುತ್ತವೆ. ಡೆಮಿ ಶೀಟಿನ ಅಳತೆ 18 × 23 ಇಂಚು. ಅದನ್ನು ಮೂರು ಸಲ ಮಡಿಚಿದರೆ ಎಂಟು ಹಾಳೆ, ಅಂದರೆ ಹದಿನಾರು ಪುಟದ ಒಂದು ಫಾರಂ. ಪ್ರತಿ ಹಾಳೆ 5.75 × 9 ಇಂಚು. ಕತ್ತರಿಸಿದ ಮೇಲೆ ಕೈಗೆ ಬರುವ ಪುಸ್ತಕ 5.5 × 8.5 ಇಂಚು. ಅಗಲದಲ್ಲಿ ಉಳಿದದ್ದು ಕಾಲು ಇಂಚು, ಅಂದರೆ ಆರು ಮಿಲಿಮೀಟರ್ ಚಿಲ್ಲರೆ. ಪರ್ಫೆಕ್ಟ್ ಬೈಂಡಿಂಗ್ ಆದರೆ ಅಂಟು ಹಿಡಿಯಲೆಂದು ಬೆನ್ನನ್ನು ಎರಡು ಮೂರು ಮಿಲಿಮೀಟರ್ ಉಜ್ಜಿ ತೆಗೆಯುತ್ತಾರೆ. ಅಲ್ಲಿಗೆ ಎದುರಂಚಿಗೆ ಉಳಿಯುವುದು ಬ್ಲೀಡಿಗೆ ಬೇಕಾದಷ್ಟೇ. ಇದರ ಜೊತೆಗೆ ಆಫ್‌ಸೆಟ್ ಯಂತ್ರದ ಗ್ರಿಪ್ಪರ್ ಶೀಟಿನ ಒಂದು ಅಂಚನ್ನು ಸುಮಾರು ಹತ್ತು ಮಿಲಿಮೀಟರ್ ಹಿಡಿದಿರುತ್ತದೆ, ಆ ಪಟ್ಟಿಯ ಮೇಲೆ ಶಾಯಿ ಬೀಳುವುದಿಲ್ಲ. ಒಳಪುಟಗಳಲ್ಲಿ ಅಂಚಿನವರೆಗೂ ಫೋಟೋ ಬೇಕೆಂದಿದ್ದವರು ಇದನ್ನು ತಿಳಿಯದೆ ಪೂರ್ತಿ ಡೆಮಿಯಲ್ಲೇ ಪುಟ ಕಟ್ಟಿಸಿದರೆ, ಅಳತೆ ಸ್ವಲ್ಪ ತಗ್ಗಿಸಬೇಕಾದೀತು, ಇಲ್ಲವೇ ದೊಡ್ಡ ಶೀಟಿನ ಖರ್ಚು ಹೊರಬೇಕಾದೀತು. ಮುದ್ರಕರ ಜೊತೆ ಹತ್ತು ನಿಮಿಷ ಕೂತು ಮಾತಾಡಿದರೆ ತಪ್ಪುವ ನಷ್ಟವಿದು.

ಒಳಪುಟದಲ್ಲಿ ಬರೀ ಅಕ್ಷರವಿದ್ದರೆ ಬ್ಲೀಡಿನ ಗೊಡವೆಯೇ ಬೇಡ. ಕವನ ಸಂಕಲನಕ್ಕೂ ಪ್ರಬಂಧಗಳಿಗೂ ಮುಖಪುಟದ ಮಟ್ಟಿಗೆ ಅದು ಸಾಕು. ಮಕ್ಕಳ ಚಿತ್ರಪುಸ್ತಕ, ಪ್ರವಾಸದ ಫೋಟೋ ಪುಸ್ತಕ, ಅಡುಗೆ ಪುಸ್ತಕ ಇವಕ್ಕೆ ಮಾತ್ರ ಪುಟಪುಟಕ್ಕೂ ಬೇಕು.

ಮುಖಪುಟದ ಲೆಕ್ಕ ಬಹಳ ಜನ ಎಡವುವ ಜಾಗ. ಹಿಂಬದಿ, ಬೆನ್ನು, ಮುಂಬದಿ ಮೂರೂ ಸೇರಿ ಒಂದೇ ಹಾಳೆ. ಇನ್ನೂರು ಪುಟದ ಡೆಮಿ ಪುಸ್ತಕವೆಂದರೆ ನೂರು ಹಾಳೆ. 70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದದಲ್ಲಿ ಬೆನ್ನು ಸುಮಾರು ಒಂಬತ್ತು ಮಿಲಿಮೀಟರ್ ಬರುತ್ತದೆ. ಒಂದೊಂದು ಬದಿ 139.7 ಮಿಲಿಮೀಟರ್. ಎರಡು ಬದಿ, ಬೆನ್ನು, ಎಡಬಲಕ್ಕೆ ಮೂರು ಮೂರು ಸೇರಿಸಿದರೆ ಅಗಲ 294.4, ಎತ್ತರ 221.9 ಮಿಲಿಮೀಟರ್. ಬ್ಲೀಡ್ ಹೊರಗಿನ ನಾಲ್ಕು ಅಂಚಿಗೆ ಮಾತ್ರ. ಬೆನ್ನು ಮತ್ತು ಮುಂಬದಿ ಸೇರುವಲ್ಲಿ ಮಡಿಕೆ ಇರುತ್ತದೆಯೇ ಹೊರತು ಕತ್ತಿ ಬೀಳುವುದಿಲ್ಲ. ಕಾಗದದ ದಪ್ಪ ಮಿಲ್ಲಿನಿಂದ ಮಿಲ್ಲಿಗೆ ಬದಲಾಗುವುದರಿಂದ, ಅಚ್ಚಾಗುವ ಕಾಗದದಲ್ಲೇ ಖಾಲಿ ಡಮ್ಮಿ ಕಟ್ಟಿಸಿ ಬೆನ್ನನ್ನು ಅಳೆದುಕೊಳ್ಳುವುದು ಎಲ್ಲ ಸೂತ್ರಗಳಿಗಿಂತ ನಂಬಿಕೆಯದು. ಪುಟಗಳ ಸಂಖ್ಯೆ ಅಂತಿಮವಾಗದೆ ಬೆನ್ನಿನ ಅಳತೆ ಅಂತಿಮವಾಗದು. ಮುನ್ನುಡಿ ತಡವಾಗಿ ಬಂದು ಎಂಟು ಪುಟ ಹೆಚ್ಚಾದರೂ ಮುಖಪುಟದ ಫೈಲನ್ನು ಮತ್ತೆ ತೆರೆಯಲೇಬೇಕು.

ಬಣ್ಣ ಹೊರಗೆ ಚಾಚಬೇಕಾದರೆ ಅಕ್ಷರ ಒಳಗೆ ಸರಿಯಬೇಕು. ಶೀರ್ಷಿಕೆ, ಲೇಖಕರ ಹೆಸರು, ಬೆನ್ನುಡಿ, ಐಎಸ್‌ಬಿಎನ್ ಬಾರ್‌ಕೋಡ್ ಯಾವುದೂ ಕತ್ತರಿಸುವ ಗೆರೆಯಿಂದ ಐದಾರು ಮಿಲಿಮೀಟರ್‌ಗಿಂತ ಹತ್ತಿರ ಬರಬಾರದು. ಕನ್ನಡಕ್ಕೆ ಇಲ್ಲೊಂದು ವಿಶೇಷ ಎಚ್ಚರಿಕೆ ಬೇಕು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ‘ರಾಷ್ಟ್ರ’, ‘ಸ್ತ್ರೀ’ ಇಂಥ ಪದಗಳಿರುವ ಶೀರ್ಷಿಕೆಯನ್ನು ಮುಖಪುಟದ ಬುಡದಲ್ಲಿ ಕೂರಿಸುವಾಗ, ಅಂತರವನ್ನು ಅಕ್ಷರದ ಪಾದದಿಂದಲ್ಲ, ಒತ್ತಿನ ತುದಿಯಿಂದ ಅಳೆಯಬೇಕು. ಇಂಗ್ಲಿಷ್ ಪುಸ್ತಕಕ್ಕೆಂದು ಮಾಡಿದ ಸಿದ್ಧ ವಿನ್ಯಾಸಗಳಲ್ಲಿ ಈ ಜಾಗ ಇರುವುದಿಲ್ಲ. ಅವನ್ನು ಹಾಗೇ ಬಳಸಿ ಒತ್ತು ಕತ್ತರಿಸಿಹೋದರೆ ಪದವೇ ಕೆಡುತ್ತದೆ. ಬೆನ್ನಿನ ಮೇಲಿನ ಸಣ್ಣ ಅಕ್ಷರಗಳಿಗೂ ಇದೇ ಮಾತು.

ತಂತ್ರಾಂಶಗಳಲ್ಲಿ ಬ್ಲೀಡ್ ಕೊಡುವುದು ಕಷ್ಟವೇನಲ್ಲ, ಮರೆಯುವುದು ಇನ್ನೂ ಸುಲಭ. ಇನ್‌ಡಿಸೈನ್‌ನಲ್ಲಿ ಹೊಸ ಡಾಕ್ಯುಮೆಂಟ್ ತೆರೆಯುವಾಗಲೇ ಮೂರು ಮಿಲಿಮೀಟರ್ ನಮೂದಿಸಬೇಕು. ಪಿಡಿಎಫ್ ತೆಗೆಯುವಾಗ ಅದೇ ಬ್ಲೀಡನ್ನು ಬಳಸೆಂದು ಮತ್ತೊಮ್ಮೆ ಟಿಕ್ ಮಾಡಬೇಕು. ಆ ಒಂದು ಟಿಕ್ ತಪ್ಪಿದರೆ ಬೆಳೆಸಿದ ಬಣ್ಣವೆಲ್ಲ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಕ್ಯಾನ್ವಾದಲ್ಲೂ ಡೌನ್‌ಲೋಡ್ ಮಾಡುವಾಗ ಕ್ರಾಪ್ ಮಾರ್ಕ್ ಮತ್ತು ಬ್ಲೀಡ್ ಆಯ್ಕೆಯನ್ನು ಒತ್ತಬೇಕು. ಫೋಟೋಶಾಪಿನಲ್ಲಿ ಕ್ಯಾನ್ವಾಸನ್ನೇ ಸುತ್ತಲೂ ಮೂರು ಮಿಲಿಮೀಟರ್ ದೊಡ್ಡದಾಗಿ ತೆರೆಯುವುದು ವಾಡಿಕೆ. ವರ್ಡ್‌ನಲ್ಲಿ ಬ್ಲೀಡ್ ಸೌಲಭ್ಯವಿಲ್ಲ. ಪುಟವನ್ನು 5.75 × 8.75 ಇಂಚಿಗೆ ಹಿಗ್ಗಿಸಿ, ಎಲ್ಲ ಮಾರ್ಜಿನ್‌ಗಳಿಗೂ 0.125 ಇಂಚು ಸೇರಿಸಿ, ಹಾಗೆ ಮಾಡಿರುವುದಾಗಿ ಮುದ್ರಕರಿಗೆ ಬಾಯಿಬಿಟ್ಟು ಹೇಳಬೇಕಾಗುತ್ತದೆ. ಮುಗಿದುಹೋದ ಮುಖಪುಟವನ್ನು ಕೊನೇ ಗಳಿಗೆಯಲ್ಲಿ ಎಳೆದು ದೊಡ್ಡದು ಮಾಡುವುದು ಪರಿಹಾರವಲ್ಲ. ಬಣ್ಣದ ಜೊತೆಗೆ ಶೀರ್ಷಿಕೆಯೂ ಅಂಚಿನತ್ತ ಸರಿದುಬಿಡುತ್ತದೆ.

ಕನ್ನಡ ಪುಸ್ತಕದ ಫೈಲಿನಲ್ಲಿ ಬ್ಲೀಡಿನಷ್ಟೇ ಕಾಡುವುದು ಫಾಂಟು. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿವೆ. ಪಿಡಿಎಫ್ ಒಳಗೆ ಫಾಂಟು ಸೇರಿಕೊಂಡಿರದಿದ್ದರೆ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ತೆರೆಯುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಮುಖಪುಟಕ್ಕೆ ‘ಕರ್ವ್ ಮಾಡಿ ಕಳಿಸಿ’, ಅಂದರೆ ಅಕ್ಷರಗಳನ್ನು ರೇಖಾಚಿತ್ರವಾಗಿಸಿ ಕಳಿಸಿ, ಎಂದು ಪ್ರೆಸ್ಸಿನವರು ಕೇಳುವುದು ಇದೇ ಭಯಕ್ಕೆ. ಒಳಪುಟಗಳಿಗೆ ಯೂನಿಕೋಡ್ ಒಳ್ಳೆಯ ದಾರಿ. ನೋಟೋ ಸೆರಿಫ್ ಕನ್ನಡ, ಟೀರೋ ಕನ್ನಡದಂಥ ಮುಕ್ತ ಫಾಂಟುಗಳು ಪುಸ್ತಕದ ಓದಿಗೆ ಹೊಂದುತ್ತವೆ. ಆದರೆ ಪೇಜ್‌ಮೇಕರ್ ಯೂನಿಕೋಡ್ ಅರಿಯದು. ಹೊಸ ಇನ್‌ಡಿಸೈನ್‌ನಲ್ಲೂ ‘ವರ್ಲ್ಡ್ ರೆಡಿ’ ಕಂಪೋಸರ್ ಆರಿಸದಿದ್ದರೆ ಒತ್ತುಗಳು ಬಿಡಿಬಿಡಿಯಾಗಿ ಉದುರುತ್ತವೆ. ಹಳೆಯ ಫಾಂಟಿನಿಂದ ಯೂನಿಕೋಡಿಗೆ ಪರಿವರ್ತಿಸಿದ ಪಠ್ಯದಲ್ಲಿ ಅರ್ಕಾವತ್ತನ್ನು ಒಂದೊಂದಾಗಿ ನೋಡದೆ ಅಚ್ಚಿಗೆ ಕಳಿಸಬಾರದು.

ಕಪ್ಪು ಬಣ್ಣದ ಬಗ್ಗೆಯೂ ಒಂದು ಮಾತು. ವರ್ಡ್‌ನಿಂದ ಬಂದ ಪಠ್ಯದ ಕಪ್ಪನ್ನು ಬಣ್ಣದ ಮುದ್ರಣಕ್ಕೆ ಪರಿವರ್ತಿಸುವಾಗ ಅದು ನಾಲ್ಕೂ ಶಾಯಿಗಳ ಮಿಶ್ರಣವಾಗಿಬಿಡಬಹುದು. ನಾಲ್ಕು ಪ್ಲೇಟುಗಳಲ್ಲಿ ಒಂದು ಚೂರು ಸರಿದರೂ ಕನ್ನಡದ ದುಂಡು ಅಕ್ಷರಗಳ ಸುತ್ತ ಬಣ್ಣದ ನೆರಳು ಮೂಡುತ್ತದೆ. ಪಠ್ಯ ಕಪ್ಪು ಶಾಯಿಯೊಂದರಲ್ಲೇ ಇರಬೇಕು. ಚಿತ್ರಗಳಿಗೆ 300 ಡಿಪಿಐ. ಬ್ಲೀಡ್ ಸೇರಿದ ಡೆಮಿ ಮುಂಬದಿಗೆ ಕನಿಷ್ಠ 1688 × 2625 ಪಿಕ್ಸೆಲ್ ಬೇಕು. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಬಂದ ಚಿತ್ರ ಕುಗ್ಗಿರುತ್ತದೆ. ಕಲಾವಿದರಿಂದ ಮೂಲ ಫೈಲನ್ನೇ ಇಮೇಲಿನಲ್ಲಿ ತರಿಸಿಕೊಳ್ಳುವುದು ಕ್ಷೇಮ.

ಇಷ್ಟಾದ ಮೇಲೆ ಒಂದು ಪ್ರತಿಯನ್ನು ಕಟ್ಟಿಸಿ, ಕತ್ತರಿಸಿ ನೋಡದೆ ಸಾವಿರ ಪ್ರತಿಗೆ ಒಪ್ಪಿಗೆ ಕೊಡಬಾರದು. ಪರದೆಯ ಮೇಲೆ ಯಾವ ಪುಸ್ತಕದ ಅಂಚೂ ಓರೆಯಾಗಿರುವುದಿಲ್ಲ.

ಕನ್ನಡದಲ್ಲಿ ಎಷ್ಟೋ ಒಳ್ಳೆಯ ಪುಸ್ತಕಗಳು ಮರುಮುದ್ರಣಕ್ಕೆ ಬಂದಾಗ ಮೊದಲಿನಿಂದ ಟೈಪ್ ಮಾಡಿಸಬೇಕಾಗುತ್ತದೆ. ಡಿಟಿಪಿ ಮಾಡಿದವರ ಅಂಗಡಿ ಮುಚ್ಚಿರುತ್ತದೆ, ಇಲ್ಲವೇ ಹಾರ್ಡ್‌ಡಿಸ್ಕ್ ಕೆಟ್ಟಿರುತ್ತದೆ. ಲೇಖಕರ ಬಳಿ ಹಕ್ಕುಸ್ವಾಮ್ಯ ಇದ್ದರೂ ಫೈಲ್ ಇರುವುದಿಲ್ಲ. ಹಣ ಹಾಕಿ ಸ್ವತಃ ಪುಸ್ತಕ ತರುವವರು ಕೆಲಸ ಒಪ್ಪಿಸುವಾಗಲೇ ಮಾತಾಡಿಕೊಳ್ಳಿ: ಕೊನೆಯ ಕಂತು ಕೊಡುವ ದಿನ ಬ್ಲೀಡ್ ಸಹಿತ ಮುದ್ರಣದ ಪಿಡಿಎಫ್, ಒಳಪುಟ ಮತ್ತು ಮುಖಪುಟದ ತಿದ್ದಬಹುದಾದ ಓಪನ್ ಫೈಲ್, ಮೂಲ ಚಿತ್ರಗಳು, ಬಳಸಿದ ಫಾಂಟಿನ ಹೆಸರು ಇವಿಷ್ಟೂ ನಿಮ್ಮ ಕೈಸೇರಬೇಕು. ಅವನ್ನು ಎರಡು ಕಡೆ ಉಳಿಸಿಡಿ.