ತಪಾಸಣೆಯೇ ಆರಂಭವಾಗದ ಗಣಕ: ದೋಷ ಹುಡುಕುವುದು ಹೇಗೆ?

ನಿಮ್ಮ ಶಾಲೆಯ ಅಥವಾ ಕಾಲೇಜಿನ ಗಣಕ ಕೊಠಡಿಯಲ್ಲಿ ಒಂದು ಯಂತ್ರ ಪದೇ ಪದೇ ನಿಂತುಹೋಗುತ್ತಿದೆ ಎಂದುಕೊಳ್ಳಿ. ದೋಷ ತಂತ್ರಾಂಶದ್ದೋ ಯಂತ್ರಾಂಶದ್ದೋ ಎಂದು ತಿಳಿಯಲು ತಯಾರಕರು ಅದರೊಳಗೇ ಒಂದು ತಪಾಸಣಾ ಪ್ರೋಗ್ರಾಮನ್ನು ಇರಿಸಿರುತ್ತಾರೆ. ಯಂತ್ರವನ್ನು ಚಾಲೂ ಮಾಡಿದೊಡನೆ ಡೆಲ್ ಗಣಕದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್2, ಲೆನೊವೊದ ಹಲವು ಮಾದರಿಗಳಲ್ಲಿ ಎಫ್10, ಇಂಟೆಲ್ ಸಂಸ್ಕಾರಕವಿರುವ ಮ್ಯಾಕ್‌ಗಳಲ್ಲಿ ಡಿ ಕೀಲಿಯನ್ನು ಒತ್ತಿದರೆ ಅದು ತೆರೆದುಕೊಳ್ಳಬೇಕು. ಒತ್ತಿದ್ದಾಯಿತು, ಏನೂ ಆಗಲಿಲ್ಲ. ಈಗ ಏನು ಮಾಡುವಿರಿ?

ಸಾಮಾನ್ಯವಾಗಿ ಇಲ್ಲಿಗೆ ಪ್ರಯತ್ನ ನಿಲ್ಲುತ್ತದೆ. ‘ಮದರ್‌ಬೋರ್ಡ್ ಹೋಗಿದೆ’ ಎಂಬ ತೀರ್ಪು ಬರುತ್ತದೆ. ಯಂತ್ರ ಮೂಲೆ ಸೇರುತ್ತದೆ. ಅದರ ಹಾರ್ಡ್‌ಡಿಸ್ಕಿನಲ್ಲಿದ್ದ ಅಂಕಪಟ್ಟಿ, ಪ್ರಶ್ನೆಪತ್ರಿಕೆ, ವಿದ್ಯಾರ್ಥಿಗಳ ಪ್ರಾಜೆಕ್ಟುಗಳೂ ಅದರೊಡನೆ ಹೋಗುತ್ತವೆ. ಆದರೆ ತಪಾಸಣೆ ಆರಂಭವಾಗದಿರುವುದೂ ತಪಾಸಣೆಯ ಒಂದು ಫಲಿತಾಂಶವೇ. ಅದನ್ನು ಓದಲು ಕಲಿತರೆ ಎಷ್ಟೋ ಸಂದರ್ಭಗಳಲ್ಲಿ ಒಂದು ರೂಪಾಯಿ ಖರ್ಚಿಲ್ಲದೆ ಯಂತ್ರವನ್ನು ಉಳಿಸಿಕೊಳ್ಳಬಹುದು.

ಎರಡು ಬಗೆಯ ಪರೀಕ್ಷೆಗಳು

ಗಣಕದೊಳಗೆ ಎರಡು ಪರೀಕ್ಷೆಗಳಿವೆ. ಮೊದಲನೆಯದು ಗುಂಡಿ ಒತ್ತಿದೊಡನೆ ತಾನಾಗಿಯೇ ನಡೆಯುವ ಸ್ವಯಂಪರೀಕ್ಷೆ. ಇದನ್ನು ‘ಪೋಸ್ಟ್’ ಎನ್ನುವರು. 1981ರ ಆಗಸ್ಟ್‌ನಲ್ಲಿ ಬಂದ ಐಬಿಎಂ ಪಿಸಿಯಲ್ಲಿಯೇ ಇದು ಇತ್ತು. ಎಲ್ಲ ಸರಿಯಿದ್ದರೆ ಆ ಯಂತ್ರ ಒಂದು ಸಣ್ಣ ‘ಬೀಪ್’ ಸದ್ದು ಮಾಡುತ್ತಿತ್ತು. ಎರಡನೆಯದು ನಾವು ಕೀಲಿ ಒತ್ತಿ ಕರೆಯುವ ವಿಸ್ತೃತ ತಪಾಸಣೆ. ಮೊದಲನೆಯದರಲ್ಲಿ ತೇರ್ಗಡೆಯಾಗದೆ ಎರಡನೆಯದು ನಡೆಯುವಂತಿಲ್ಲ.

ಇದೇಕೆ ಹೀಗೆ? ವಿದ್ಯುತ್ ಬಂದೊಡನೆ ಸಂಸ್ಕಾರಕವು ಒಂದು ನಿಶ್ಚಿತ ವಿಳಾಸದಿಂದ ಮೊದಲ ಆದೇಶವನ್ನು ಓದುತ್ತದೆ. ಐಬಿಎಂ ಪಿಸಿಯ 8088 ಸಂಸ್ಕಾರಕದಲ್ಲಿ ಆ ವಿಳಾಸ 10,48,560. ಅಂದರೆ ಒಂದು ಮೆಗಾಬೈಟ್‌ನ ತುದಿಗೆ ಕೇವಲ 16 ಬೈಟ್ ಮೊದಲು. ಅಲ್ಲಿರುವುದು ಮದರ್‌ಬೋರ್ಡಿನ ಬಯಾಸ್ ಚಿಪ್ಪು. ಆ ಕ್ಷಣದಲ್ಲಿ ಮೆಮೊರಿ ಸಿದ್ಧವಾಗಿರುವುದಿಲ್ಲ. ಪರದೆ, ಕೀಲಿಮಣೆ, ಡಿಸ್ಕ್ ಯಾವುದೂ ಎಚ್ಚರಗೊಂಡಿರುವುದಿಲ್ಲ. ಬಯಾಸ್ ಇವುಗಳನ್ನು ಒಂದೊಂದಾಗಿ ಎಬ್ಬಿಸಬೇಕು. ವಿಸ್ತೃತ ತಪಾಸಣೆಯು ಈ ಸರಪಳಿಯ ಕೊನೆಯ ಕೊಂಡಿ. ಅದು ಆರಂಭವಾಗಬೇಕಾದರೆ ವಿದ್ಯುತ್, ಸಂಸ್ಕಾರಕ, ಬಯಾಸ್, ಮೆಮೊರಿ, ಪರದೆ, ಕೀಲಿಮಣೆ ಇಷ್ಟೂ ಸರಿಯಿರಬೇಕು. ರೋಗಿಯನ್ನು ನೋಡಬೇಕಾದ ವೈದ್ಯರು ಮೊದಲು ತಾವು ಹಾಸಿಗೆಯಿಂದ ಏಳಬೇಕಲ್ಲವೆ? ನಮ್ಮ ಕೆಲಸ, ಸರಪಳಿ ಎಲ್ಲಿ ಕಡಿದಿದೆ ಎಂದು ಪತ್ತೆ ಮಾಡುವುದು.

ಪ್ರೋಗ್ರಾಮ್ ಎಲ್ಲಿದೆ?

ತಪಾಸಣಾ ಪ್ರೋಗ್ರಾಮ್ ಎಲ್ಲ ಯಂತ್ರಗಳಲ್ಲಿಯೂ ಒಂದೇ ಕಡೆ ಇರುವುದಿಲ್ಲ. ಡೆಲ್‌ನ ಹಳೆಯ ಯಂತ್ರಗಳಲ್ಲಿ ಅದರ ಒಂದು ಭಾಗ ಹಾರ್ಡ್‌ಡಿಸ್ಕಿನ ಚಿಕ್ಕ ವಿಭಾಗವೊಂದರಲ್ಲಿತ್ತು. ಅನಂತರದವುಗಳಲ್ಲಿ ಬಯಾಸ್ ಚಿಪ್ಪಿನಲ್ಲಿಯೇ ಇದೆ. ಎಚ್‌ಪಿಯ ಹಲವು ಯಂತ್ರಗಳಲ್ಲಿ ಸರಳ ಆವೃತ್ತಿ ಚಿಪ್ಪಿನಲ್ಲಿಯೂ ಪೂರ್ಣ ಆವೃತ್ತಿ ಡಿಸ್ಕಿನಲ್ಲಿಯೂ ಇರುತ್ತವೆ. ಡಿಸ್ಕನ್ನು ಅಳಿಸಿ ಲಿನಕ್ಸ್ ಅಥವಾ ಹೊಸ ವಿಂಡೋಸ್ ಹಾಕಿದ್ದರೆ, ಇಲ್ಲವೆ ಹೊಸ ಡಿಸ್ಕ್ ಜೋಡಿಸಿದ್ದರೆ, ಅದರಲ್ಲಿದ್ದ ತಪಾಸಣೆಯೂ ಅಳಿಸಿಹೋಗಿರುತ್ತದೆ. ಯಂತ್ರ ಉಳಿದಂತೆ ಸರಿಯಾಗಿ ಚಾಲೂ ಆಗುತ್ತಿದ್ದು ತಪಾಸಣೆ ಮಾತ್ರ ತೆರೆಯದಿದ್ದರೆ ಮೊದಲು ಈ ಸಾಧ್ಯತೆಯನ್ನು ನೋಡಿ. ತಯಾರಕರ ಜಾಲತಾಣದಿಂದ ಅದನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡು ನಡೆಸಬಹುದು.

ಕೀಲಿ ತಲುಪುತ್ತಿದೆಯೆ?

ಯಂತ್ರ ಚಾಲೂ ಆಗುತ್ತಿದ್ದರೆ ಎರಡನೆಯ ಅನುಮಾನ ಕೀಲಿಯ ಮೇಲೆ. ವಿಂಡೋಸ್ 8ರಿಂದೀಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ವ್ಯವಸ್ಥೆಯಿದೆ. ಇದರಿಂದ ‘ಶಟ್‌ಡೌನ್’ ಮಾಡಿದರೂ ಕಾರ್ಯಾಚರಣ ವ್ಯವಸ್ಥೆಯ ತಿರುಳು ಡಿಸ್ಕಿನಲ್ಲಿ ಹಾಗೆಯೇ ಉಳಿದು ಮುಂದಿನ ಬಾರಿ ಥಟ್ಟನೆ ಮರಳುತ್ತದೆ. ಬಯಾಸ್‌ನಲ್ಲಿಯೂ ‘ಫಾಸ್ಟ್ ಬೂಟ್’ ಇದ್ದರೆ ಕೀಲಿ ಒತ್ತಲು ಸಿಗುವ ಅವಧಿ ಬಹಳ ಕಡಿಮೆ. ಆದ್ದರಿಂದ ‘ರೀಸ್ಟಾರ್ಟ್’ ಮಾಡಿ, ಪರದೆ ಕಪ್ಪಾದೊಡನೆ ಕೀಲಿಯನ್ನು ಬಿಟ್ಟು ಬಿಟ್ಟು ಒತ್ತುತ್ತಿರಿ. ಬ್ಲೂಟೂತ್ ಕೀಲಿಮಣೆ ಈ ಹಂತದಲ್ಲಿ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ತಂತಿಯಿರುವ ಕೀಲಿಮಣೆಯನ್ನು ಹಿಂಬದಿಯ ಯುಎಸ್‌ಬಿ ಕಿಂಡಿಗೆ ನೇರವಾಗಿ ಜೋಡಿಸಿ. ಲ್ಯಾಪ್‌ಟಾಪ್‌ಗಳಲ್ಲಿ ‘ಎಫ್‌ಎನ್’ ಕೀಲಿಯನ್ನೂ ಸೇರಿಸಿ ಒತ್ತಬೇಕಾಗಬಹುದು.

ಒಂದು ಸುಲಭ ಪರೀಕ್ಷೆ: ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪವನ್ನು ಹೊತ್ತಿಸಿ ಆರಿಸುವುದು ಕೀಲಿಮಣೆಯಲ್ಲ, ಗಣಕ. ಪರದೆ ಕಪ್ಪಾಗಿದ್ದರೂ ಈ ದೀಪ ಒತ್ತಿದಂತೆಲ್ಲ ಬದಲಾಗುತ್ತಿದ್ದರೆ ಯಂತ್ರ ಜೀವಂತವಾಗಿದೆ, ದೋಷವಿರುವುದು ಬಹುಶಃ ಪರದೆಯ ಕಡೆ ಎಂದರ್ಥ. ಬೇರೆ ಮಾನಿಟರ್ ಜೋಡಿಸಿ ನೋಡಿ. ಲ್ಯಾಪ್‌ಟಾಪ್ ಆದರೆ ಪರದೆಯ ಮೇಲೆ ಟಾರ್ಚ್ ಬೆಳಕು ಬಿಡಿ. ಅಕ್ಷರಗಳು ಮಸುಕಾಗಿ ಕಂಡರೆ ಹಿಂಬೆಳಕು ಮಾತ್ರ ಕೆಟ್ಟಿದೆ.

ಏನೂ ಅಲುಗದಿದ್ದರೆ

ದೀಪವೂ ಬದಲಾಗದಿದ್ದರೆ ಸರಪಳಿಯ ಮೊದಲ ಕೊಂಡಿಗೆ ಬನ್ನಿ. ಗೋಡೆಯ ಸಾಕೆಟ್, ಯುಪಿಎಸ್, ಕೇಬಲ್ ಇವುಗಳನ್ನು ಚೆನ್ನಾಗಿರುವ ಇನ್ನೊಂದು ಯಂತ್ರದಿಂದ ಪರೀಕ್ಷಿಸಿ. ಅನಂತರ ಪ್ಲಗ್ ಕಿತ್ತು, ಲ್ಯಾಪ್‌ಟಾಪ್ ಆದರೆ ತೆಗೆಯಬಹುದಾದ ಬ್ಯಾಟರಿಯನ್ನೂ ತೆಗೆದು, ಪವರ್ ಗುಂಡಿಯನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಇದು ಮಂತ್ರವಲ್ಲ, ಭೌತವಿಜ್ಞಾನ. ಮದರ್‌ಬೋರ್ಡಿನ ಕೆಪ್ಯಾಸಿಟರ್‌ಗಳಲ್ಲಿ ಉಳಿದಿರುವ ಆವೇಶ ಬರಿದಾಗಿ, ಗೊಂದಲದ ಸ್ಥಿತಿಯಲ್ಲಿ ಸಿಲುಕಿದ ನಿಯಂತ್ರಕ ಚಿಪ್ಪುಗಳು ಮೊದಲಿನಿಂದ ಆರಂಭಿಸುತ್ತವೆ.

ಒಂದು ಎಚ್ಚರಿಕೆ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಎಂದಿಗೂ ಬಿಚ್ಚಬೇಡಿ. 230 ವೋಲ್ಟ್ ಪರ್ಯಾಯ ವಿದ್ಯುತ್ತಿನ ಗರಿಷ್ಠ ಮೌಲ್ಯ 230 × √2, ಅಂದರೆ ಸುಮಾರು 325 ವೋಲ್ಟ್. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪ್ಯಾಸಿಟರ್ ಇದನ್ನು ಸ್ವಲ್ಪ ಕಾಲ ಹಿಡಿದಿಟ್ಟುಕೊಂಡಿರಬಹುದು.

ಫ್ಯಾನ್ ತಿರುಗುತ್ತಿದ್ದು ಪರದೆ ಕಪ್ಪಾಗಿದ್ದರೆ ಯಂತ್ರ ನಿಮಗೆ ಬೇರೆ ಭಾಷೆಯಲ್ಲಿ ಏನೋ ಹೇಳುತ್ತಿರಬಹುದು. ಪರದೆಯನ್ನು ಬಳಸಲಾಗದಾಗ ಬಯಾಸ್ ಸದ್ದಿನಿಂದಲೋ ದೀಪದಿಂದಲೋ ಸಂಕೇತ ಕೊಡುತ್ತದೆ. ಐಬಿಎಂ ಪಿಸಿಯಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ಪರದೆಯ ಕಾರ್ಡಿನ ದೋಷ. ಡೆಲ್‌ನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ದೀಪ ಎರಡು ಬಾರಿ ಕಿತ್ತಳೆ, ಮೂರು ಬಾರಿ ಬಿಳಿಯಾಗಿ ಮಿಟುಕಿದರೆ ಮೆಮೊರಿ ಪತ್ತೆಯಾಗಿಲ್ಲ ಎಂದರ್ಥ. ಎರಡು ಕಿತ್ತಳೆ, ಒಂದು ಬಿಳಿಯಾದರೆ ಸಂಸ್ಕಾರಕದ ದೋಷ. ಸಂಕೇತ ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ ಎಣಿಕೆಯನ್ನು ಬರೆದುಕೊಂಡು ನಿಮ್ಮ ಮಾದರಿಯ ಕೈಪಿಡಿಯೊಡನೆ ಹೋಲಿಸಿ.

ಮೆಮೊರಿ ಮತ್ತು ಪುಟ್ಟ ಬ್ಯಾಟರಿ

ತಪಾಸಣೆ ಏಳದಿರಲು ಮೆಮೊರಿ ಪಟ್ಟಿಯ ಸಂಪರ್ಕ ಸಡಿಲವಾಗಿರುವುದು ಬಹಳ ಸಾಮಾನ್ಯ ಕಾರಣ. ಪ್ಲಗ್ ಕಿತ್ತ ಮೇಲೆ, ಯಂತ್ರದ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ನಿಮ್ಮ ಮೈಯ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಳ್ಳಿ. ನಮ್ಮ ಬೆರಳಿಗೆ ಚುರುಕೆನಿಸಲು ಸುಮಾರು 3,000 ವೋಲ್ಟ್ ಬೇಕು; ಚಿಪ್ಪು ಕೆಡಲು ಅಷ್ಟು ಬೇಡ. ಪಟ್ಟಿಯನ್ನು ತೆಗೆದು ಚಿನ್ನದ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ‘ಕ್ಲಿಕ್’ ಎನ್ನುವವರೆಗೆ ಒತ್ತಿ ಕೂರಿಸಿ.

ಇನ್ನೊಂದು ಚಿಕ್ಕ ವಸ್ತು ಸಿಮಾಸ್ ಬ್ಯಾಟರಿ. ಅದರ ಹೆಸರೇ ಅದರ ಅಳತೆ: ಸಿಆರ್2032 ಎಂದರೆ ವ್ಯಾಸ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್. ಯಂತ್ರ ಆರಿದ್ದಾಗಲೂ ಸೆಕೆಂಡಿಗೆ 32,768 ಬಾರಿ, ಅಂದರೆ 2ರ 15ನೆಯ ಘಾತದಷ್ಟು ಬಾರಿ ಕಂಪಿಸುವ ಹರಳಿನ ಗಡಿಯಾರವನ್ನು ಇದು ನಡೆಸುತ್ತದೆ. ದಿನಾಂಕ ಪ್ರತಿ ಬಾರಿಯೂ ಹಳೆಯ ವರ್ಷಕ್ಕೆ ಓಡುತ್ತಿದ್ದರೆ ಬ್ಯಾಟರಿ ಬರಿದಾಗಿದೆ. ಆಗ ಬಯಾಸ್‌ನಲ್ಲಿನ ಆಯ್ಕೆಗಳು ಮೂಲಸ್ಥಿತಿಗೆ ಮರಳಿ ಆರಂಭವೇ ತಪ್ಪಬಹುದು. ಮಲ್ಟಿಮೀಟರ್‌ನಲ್ಲಿ 3 ವೋಲ್ಟ್‌ಗಿಂತ ಗಣನೀಯವಾಗಿ ಕಡಿಮೆ ತೋರಿಸಿದರೆ ಬದಲಾಯಿಸಿ.

ಡಿಸ್ಕ್: ಮೊದಲು ಮಾಹಿತಿ, ಅನಂತರ ಪರೀಕ್ಷೆ

ತಪಾಸಣೆಯ ಪರದೆ ಕಾಣಿಸಿಕೊಂಡು ಅರ್ಧದಲ್ಲಿ ಸ್ತಬ್ಧವಾಗುವುದುಂಟು. ಕೆಡುತ್ತಿರುವ ಡಿಸ್ಕ್ ಉತ್ತರ ಕೊಡದೆ ಬಯಾಸನ್ನು ಕಾಯಿಸುತ್ತಿರಬಹುದು. ಯಂತ್ರವನ್ನು ಆರಿಸಿ, ಡಿಸ್ಕಿನ ಕೇಬಲ್ ಬಿಡಿಸಿ ಮತ್ತೆ ಪ್ರಯತ್ನಿಸಿ. ಈಗ ತಪಾಸಣೆ ಸಲೀಸಾಗಿ ನಡೆದರೆ ಅನುಮಾನ ಡಿಸ್ಕಿನ ಮೇಲೆ.

ಇಲ್ಲಿ ಆತುರ ಕೂಡದು. ಸಾಯುತ್ತಿರುವ ಡಿಸ್ಕಿನ ಮೇಲೆ ಗಂಟೆಗಟ್ಟಲೆ ಪೂರ್ಣ ಪರೀಕ್ಷೆ ನಡೆಸಿದರೆ ಅದೇ ಅದರ ಕೊನೆಯ ಓಟವಾಗಬಹುದು. ಮೊದಲು ಡಿಸ್ಕನ್ನು ಯುಎಸ್‌ಬಿ ಅಡಾಪ್ಟರ್ ಮೂಲಕ ಇನ್ನೊಂದು ಯಂತ್ರಕ್ಕೆ ಜೋಡಿಸಿ ಮುಖ್ಯ ಕಡತಗಳನ್ನು ನಕಲು ಮಾಡಿಕೊಳ್ಳಿ. ಅನಂತರ ಡಿಸ್ಕ್ ತಾನೇ ಇಟ್ಟುಕೊಳ್ಳುವ ‘ಸ್ಮಾರ್ಟ್’ ದಾಖಲೆಯನ್ನು ನೋಡಿ. ಅದರಲ್ಲಿ 5ನೆಯ ಮತ್ತು 197ನೆಯ ಸಾಲುಗಳು ಕೆಟ್ಟ ಹಾಗೂ ಅನುಮಾನಾಸ್ಪದ ವಲಯಗಳ ಎಣಿಕೆ. ಅವು ದಿನೇದಿನೇ ಏರುತ್ತಿದ್ದರೆ ಡಿಸ್ಕನ್ನು ನಂಬಬೇಡಿ.

ಒಳಗಿನ ತಪಾಸಣೆ ಏನು ಮಾಡಿದರೂ ತೆರೆಯದಿದ್ದರೆ ಹೊರಗಿನಿಂದ ತರಿಸಿ. ಲಿನಕ್ಸ್ ಇರುವ ಪೆನ್‌ಡ್ರೈವ್‌ನಿಂದ ಯಂತ್ರವನ್ನು ಆರಂಭಿಸಬಹುದು; ಮೆಮೊರಿಗೆ ‘ಮೆಮ್‌ಟೆಸ್ಟ್86+’ ಎಂಬ ಉಚಿತ ಪರೀಕ್ಷೆಯಿದೆ. ಸಹಿಯಿಲ್ಲದ ಪ್ರೋಗ್ರಾಮ್‌ಗಳನ್ನು ‘ಸೆಕ್ಯೂರ್ ಬೂಟ್’ ತಡೆಯುವುದರಿಂದ ಅದನ್ನು ತಾತ್ಕಾಲಿಕವಾಗಿ ಆರಿಸಬೇಕಾಗಬಹುದು. ಆದರೆ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ, ಈ ಬದಲಾವಣೆಯ ಬಳಿಕ ವಿಂಡೋಸ್ 48 ಅಂಕಿಗಳ ಕೀಲಿಸಂಖ್ಯೆ ಕೇಳಬಹುದು. ಅದು ಕೈಯಲ್ಲಿಲ್ಲದಿದ್ದರೆ ಬಯಾಸ್ ಆಯ್ಕೆಗಳನ್ನು ಮುಟ್ಟಬೇಡಿ.

ಒಂದು ಉದಾಹರಣೆ

ಒಂದೇ ಮಾದರಿಯ ಹತ್ತು ಗಣಕಗಳಿರುವ ಕೊಠಡಿಯಲ್ಲಿ ಒಂದು ಏಳುತ್ತಿಲ್ಲ ಎಂದಿಟ್ಟುಕೊಳ್ಳಿ. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಪಕ್ಕದ ಮಾನಿಟರ್ ಜೋಡಿಸಿದರೂ ಅಷ್ಟೇ. ಕ್ಯಾಪ್ಸ್ ಲಾಕ್ ದೀಪ ಬದಲಾಗುವುದಿಲ್ಲ. ಅಂದರೆ ಯಂತ್ರ ಕೀಲಿಮಣೆಯ ಹಂತವನ್ನೇ ತಲುಪಿಲ್ಲ. ಅದರಲ್ಲಿ ಎರಡು ಮೆಮೊರಿ ಪಟ್ಟಿಗಳಿವೆ. ಮೊದಲ ಕಿಂಡಿಯಲ್ಲಿ ಮೊದಲ ಪಟ್ಟಿ ಮಾತ್ರ ಇಟ್ಟರೆ ಕತ್ತಲೆ. ಎರಡನೆಯ ಕಿಂಡಿಯಲ್ಲಿ ಎರಡನೆಯ ಪಟ್ಟಿ ಮಾತ್ರ ಇಟ್ಟರೆ ಯಂತ್ರ ಏಳುತ್ತದೆ. ದೋಷ ಮೊದಲ ಪಟ್ಟಿಯದೋ, ಮೊದಲ ಕಿಂಡಿಯದೋ? ಮೊದಲ ಪಟ್ಟಿಯನ್ನು ಎರಡನೆಯ ಕಿಂಡಿಗೆ ಹಾಕಿ. ಯಂತ್ರ ಎದ್ದರೆ ಪಟ್ಟಿ ನಿರ್ದೋಷಿ, ಕಿಂಡಿಯಲ್ಲಿ ದೂಳಿದೆ ಅಥವಾ ಅದು ಕೆಟ್ಟಿದೆ. ಕುಂಚದಿಂದ ಸ್ವಚ್ಛಗೊಳಿಸಿ ಮತ್ತೆ ನೋಡಿ.

ನಿಯಮ ಒಂದೇ: ಒಂದು ಬಾರಿಗೆ ಒಂದೇ ಬದಲಾವಣೆ. ಪ್ರಯೋಗಶಾಲೆಯಲ್ಲಿ ಉಳಿದ ಚರಗಳನ್ನು ಸ್ಥಿರವಾಗಿಟ್ಟು ಒಂದನ್ನು ಬದಲಿಸುವಂತೆಯೇ ಇದು. ಚೆನ್ನಾಗಿರುವ ಪಕ್ಕದ ಯಂತ್ರವೇ ನಿಮ್ಮ ನಿಯಂತ್ರಣ ಪ್ರಯೋಗ. ಈ ಎಲ್ಲದರ ಬಳಿಕವೂ ಯಂತ್ರ ಏಳದಿದ್ದರೆ ‘ಮದರ್‌ಬೋರ್ಡ್’ ಎಂಬ ಮಾತಿಗೆ ಆಧಾರ ಸಿಕ್ಕಂತಾಯಿತು.

ಮೈಸೂರಿನ ರಜೆಯೂ ಗುಡುಗೂ

ಮೈಸೂರಿಗೂ ಗಣಕಕ್ಕೂ ಹಳೆಯ ನಂಟು. 1980ರ ದಶಕದಲ್ಲಿ ವಿಪ್ರೊ ಸಂಸ್ಥೆ ತನ್ನ ಗಣಕಗಳನ್ನು ಇಲ್ಲಿ ತಯಾರಿಸುತ್ತಿತ್ತು. ಈ ನಗರದ ಹವೆ ಗಣಕಗಳಿಗೆ ಸಾಮಾನ್ಯವಾಗಿ ಹಿತಕರವೇ. ಆದರೆ ಇಲ್ಲಿ ಹೆಚ್ಚು ಮಳೆ ಬರುವುದು ಮೇ ಮತ್ತು ಅಕ್ಟೋಬರ್ ತಿಂಗಳ ಆಸುಪಾಸಿನಲ್ಲಿ. ಗುಡುಗು ಸಿಡಿಲಿನೊಡನೆ ಬರುವ ಸಂಜೆಯ ಮಳೆ. ಬೇಸಿಗೆ ರಜೆ ಮತ್ತು ದಸರಾ ರಜೆ, ಎರಡೂ ಇದೇ ಕಾಲಕ್ಕೆ ಬೀಳುತ್ತವೆ. ಬೀಗ ಹಾಕಿದ ಕೊಠಡಿಯಲ್ಲಿ ಪ್ಲಗ್ ಸಾಕೆಟ್‌ನಲ್ಲಿಯೇ ಇದ್ದರೆ, ಸಿಡಿಲಿನಿಂದ ತಂತಿಯಲ್ಲಿ ಉಂಟಾಗುವ ಕ್ಷಣಿಕ ಅಧಿಕ ವೋಲ್ಟೇಜ್ ಯಂತ್ರದೊಳಗೆ ನುಗ್ಗಬಹುದು. ತೇವ ಮತ್ತು ದೂಳು ಸಂಪರ್ಕಗಳನ್ನು ಮಸುಕುಗೊಳಿಸುತ್ತವೆ. ಹೀಗಾಗಿ ರಜೆಯ ಮೊದಲ ದಿನ ಸ್ವಿಚ್ ಆರಿಸಿದರಷ್ಟೇ ಸಾಲದು. ಪ್ಲಗ್ಗನ್ನೂ ನೆಟ್‌ವರ್ಕ್ ಕೇಬಲನ್ನೂ ಕೀಳಬೇಕು. ಮರೆಯುವವರು ಹೆಚ್ಚಾಗಿ ಈ ಎರಡನೆಯದನ್ನೇ. ಬಯಾಸನ್ನು ನವೀಕರಿಸುವಾಗ ಯುಪಿಎಸ್ ಇರಲೇಬೇಕು. ನಡುವೆ ಕರೆಂಟು ಹೋದರೆ ಸರಪಳಿಯ ಮೊದಲ ಕೊಂಡಿಗೇ ಪೆಟ್ಟು.

ಪ್ರತಿ ಯಂತ್ರಕ್ಕೂ ಒಂದು ಪುಟದಂತೆ ದಾಖಲೆ ಪುಸ್ತಕವಿಡಿ. ಮಾದರಿ ಸಂಖ್ಯೆ, ತಪಾಸಣೆಯ ಕೀಲಿ, ಸಿಮಾಸ್ ಬ್ಯಾಟರಿ ಬದಲಿಸಿದ ದಿನ, ಕಂಡ ಸಂಕೇತ, ಮಾಡಿದ ಪರೀಕ್ಷೆ, ಬಂದ ಫಲಿತಾಂಶ ಇಷ್ಟನ್ನು ವಿದ್ಯಾರ್ಥಿಗಳಿಂದಲೇ ಬರೆಸಿ. ಎಲ್ಲವೂ ಚೆನ್ನಾಗಿರುವ ದಿನವೇ ಪ್ರತಿ ಯಂತ್ರದಲ್ಲೂ ತಪಾಸಣೆಯನ್ನು ಒಮ್ಮೆ ತೆರೆಸಿ ನೋಡಿ. ಕೊನೆಗೂ ದುರಸ್ತಿಯಾಗದ ಯಂತ್ರವನ್ನು ಗುಜರಿಗೆ ಹಾಕಬೇಡಿ. ಡಿಸ್ಕನ್ನು ತೆಗೆದಿರಿಸಿಕೊಂಡು, ಕೆಲಸ ಮಾಡುವ ಮೆಮೊರಿ ಪಟ್ಟಿಗಳನ್ನು ಉಳಿದ ಯಂತ್ರಗಳಿಗೆಂದು ಉಳಿಸಿ, ಮಿಕ್ಕದ್ದನ್ನು ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣೆಗಾರರಿಗೆ ಒಪ್ಪಿಸಿ.