ತೊಟ್ಟಿಲ ಕಾಯಕವೂ ಆಯ್ಕೆಯ ಸತ್ಯವೂ

ಶರಣರ ಕಾಯಕಗಳನ್ನು ಅವರ ಹೆಸರುಗಳೇ ಹೇಳುತ್ತವೆ. ನುಲಿಯ ಚಂದಯ್ಯನವರು ಹಗ್ಗ ಹೊಸೆದರು. ಮೇದಾರ ಕೇತಯ್ಯನವರು ಬಿದಿರು ಸೀಳಿ ಬುಟ್ಟಿ ಹೆಣೆದರು. ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳು ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದರು. 12ನೆಯ ಶತಮಾನದಲ್ಲಿಯೂ ಹೊಸೆದ ಹಗ್ಗ, ಹೆಣೆದ ಬುಟ್ಟಿ ಮಾರಾಟವಾದ ಮೇಲೆಯೇ ದಾಸೋಹಕ್ಕೆ ಒದಗಬೇಕಾಗಿತ್ತು. ಆದುದರಿಂದ ಕಾಯಕದ ವಿಚಾರವು ಕೈಕೆಲಸದಲ್ಲಿಯೇ ಮುಗಿಯುವುದಿಲ್ಲ. ಕೊಡುವ, ಕೊಳ್ಳುವ ಮಾತಿನಲ್ಲಿಯೂ ಅದು ಮುಂದುವರಿಯುತ್ತದೆ.

ಇಂದು ಸಂತೆಯು ಮೊಬೈಲಿನೊಳಗೆ ಬಂದು ಕುಳಿತಿದೆ. ಧಾರವಾಡ ಜಿಲ್ಲೆಯ ಹಳ್ಳಿಗಳ ವಿದ್ಯಾವಂತ ತರುಣ ತರುಣಿಯರು ತಮ್ಮ ಊರಿನ ಸರಕನ್ನು ಆನ್‌ಲೈನ್ ಅಂಗಡಿಯ ಮೂಲಕ ಬೆಂಗಳೂರಿಗೆ, ಪುಣೆಗೆ, ಹೊರದೇಶಗಳಿಗೆ ಮುಟ್ಟಿಸಲು ಹವಣಿಸುತ್ತಿದ್ದಾರೆ. ಅಂಥವರ ಮುಂದೆ ಬರುವ ಒಂದು ಪ್ರಶ್ನೆ ಇದು: ಗಿರಾಕಿಯು ಅಳತೆ, ಬಣ್ಣ, ಚಿತ್ರ, ಬರಹ ಇವುಗಳನ್ನು ತಾನೇ ಆರಿಸಿಕೊಳ್ಳುವಂತೆ ಅಂಗಡಿಯ ಪುಟಕ್ಕೆ ಒಂದು ಆಪ್ ಜೋಡಿಸಬೇಕು; ಯಾವುದನ್ನು ಜೋಡಿಸೋಣ? ವ್ಯಾಪಾರದವರು ಇದನ್ನು ಪ್ರಾಡಕ್ಟ್ ಆಪ್ಶನ್ಸ್ ಆಪ್ ಎನ್ನುತ್ತಾರೆ. ಮೇಲುನೋಟಕ್ಕೆ ಇದು ಯಂತ್ರಜ್ಞರ ಪ್ರಶ್ನೆ. ಆದರೆ ಅಂಗಡಿಯ ಪುಟದಲ್ಲಿ ಇಟ್ಟ ಒಂದೊಂದು ಆಯ್ಕೆಯೂ ಗಿರಾಕಿಗೆ ಕೊಟ್ಟ ಒಂದೊಂದು ಮಾತು. ಆ ಮಾತನ್ನು ನಡೆಸಬೇಕಾದವರು ಊರಿನಲ್ಲಿ ಕುಳಿತು ದುಡಿಯುವ ಕುಶಲಕರ್ಮಿಗಳು. ಆದುದರಿಂದ ನಡೆ-ನುಡಿಗಳ ಐಕ್ಯವನ್ನು ಬೋಧಿಸುವ ಧರ್ಮದವರಾದ ನಮಗೆ ಇದು ವಿಚಾರಾರ್ಹವಾದ ಸಂಗತಿಯೇ ಆಗಿದೆ.

ನಾಲ್ಕು ಊರು, ನಾಲ್ಕು ಸರಕು

ಆಪ್ ಬೇಕೋ ಬೇಡವೋ ಎಂಬುದನ್ನು ಸರಕಿನ ಸ್ವಭಾವದಿಂದ ನಿರ್ಣಯಿಸಬೇಕು. ನಮ್ಮ ನಾಲ್ಕು ಊರುಗಳನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳೋಣ.

ಕುಂದಗೋಳ ಸೀಮೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಬೆಳೆಯುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಅದರಲ್ಲಿ ಕಡ್ಡಿ, ಡಬ್ಬಿ ಎಂದು ಎರಡು ಬಗೆ. ಕಾಲು ಕಿಲೋ, ಅರ್ಧ ಕಿಲೋ, ಒಂದು ಕಿಲೋ ಎಂದು ಮೂರು ತೂಕ ಇಟ್ಟರೆ ಒಟ್ಟು 6 ಬಗೆಯ ಪೊಟ್ಟಣಗಳಾದವು. ಅಣ್ಣಿಗೇರಿಯದು ಇನ್ನೂ ಸರಳ. ಅಣ್ಣಿಗೇರಿ-1 ಎಂಬ ತಳಿಗೆ ಹೆಸರು ಕೊಟ್ಟ ಆ ನೆಲದ ಕಡಲೆಯನ್ನು ಮಾರುವವನಿಗೆ ತೂಕವೊಂದೇ ಆಯ್ಕೆ. ಇಂಥ ಸರಕಿಗೆ ಪ್ರತ್ಯೇಕ ಆಪ್‌ನ ಅವಶ್ಯಕತೆಯೇ ಇಲ್ಲ. ಯಾವುದೇ ಆನ್‌ಲೈನ್ ಅಂಗಡಿಯ ಮೂಲವ್ಯವಸ್ಥೆಯೇ ಸಾಕು. ಬೇಡದ ಆಪ್‌ಗೆ ತಿಂಗಳು ತಿಂಗಳು ಹಣ ತೆರುವುದು ದುಂದುವೆಚ್ಚ.

ನವಲಗುಂದದ ಜಮಖಾನದ ಸಂಗತಿ ಬೇರೆ. ಮುಸ್ಲಿಂ ಮನೆತನಗಳ ಹೆಣ್ಣುಮಕ್ಕಳು ನಿಲುವು ಮಗ್ಗದ ಮುಂದೆ ಕುಳಿತು ಹತ್ತಿಯ ನೂಲಿನಲ್ಲಿ ನವಿಲು, ಪಗಡೆಯ ಹಾಸು ಮೊದಲಾದ ವಿನ್ಯಾಸಗಳನ್ನು ನೇಯುತ್ತ ಬಂದ ಈ ಹಾಸಿಗೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಉಂಟು. ಈ ಕಸುಬಿನಲ್ಲಿ ಇಂದು ಉಳಿದಿರುವ ಕೈಗಳು ಕೆಲವೇ. ಇಲ್ಲಿ ಉದ್ದಗಲ ಬದಲಾದರೆ ಮಗ್ಗಕ್ಕೆ ಹೂಡುವ ಹಾಸು ಬದಲಾಗುತ್ತದೆ; ಬಣ್ಣ ಬದಲಾದರೆ ನೂಲನ್ನು ಹೊಸದಾಗಿ ಬಣ್ಣಕ್ಕೆ ಅದ್ದಬೇಕಾಗುತ್ತದೆ. ಪುಟದ ಮೇಲೆ ಬೆರಳಿನ ಒಂದು ಒತ್ತು. ಮಗ್ಗದ ಮುಂದೆ ಹಲವು ದಿನಗಳ ದುಡಿಮೆ.

ನಾಲ್ಕನೆಯದು ಕಲಘಟಗಿಯ ತೊಟ್ಟಿಲು. ಹುಬ್ಬಳ್ಳಿಯಿಂದ ಯಲ್ಲಾಪುರದ ಕಡೆಗೆ ಹೋಗುವ ದಾರಿಯಲ್ಲಿ, ಬಯಲುಸೀಮೆ ಮುಗಿದು ಮಲೆನಾಡು ತೊಡಗುವಲ್ಲಿ ಇರುವ ಈ ಊರಿನ ಬಣ್ಣದ ತೊಟ್ಟಿಲು ನಾಡಿನಲ್ಲೆಲ್ಲ ಹೆಸರಾದದ್ದು. ಬಡಿಗನು ಕಟ್ಟಿದ ಮರದ ಮೇಲೆ ಚಿತ್ರಗಾರನು ಕೃಷ್ಣನ ಬಾಲಲೀಲೆ, ರಾಮಾಯಣ, ಮಹಾಭಾರತಗಳ ಪ್ರಸಂಗಗಳನ್ನು ಬಣ್ಣದಲ್ಲಿ ಮೂಡಿಸುತ್ತಾನೆ. ಇದು ಮಾಡಿಟ್ಟು ಮಾರುವ ಸರಕಲ್ಲ. ಮೊದಲೇ ಹೇಳಿ, ಸಂಚಕಾರ ಕೊಟ್ಟು, ಕಾದು ಪಡೆಯುವಂಥದು. ಚಿತ್ರನಟ ಅಂಬರೀಶ್ ಅವರು ತಾವು ತೀರಿಕೊಳ್ಳುವ ಮುನ್ನ ಮಾಡಲು ಹೇಳಿದ್ದ ಕಲಘಟಗಿಯ ತೊಟ್ಟಿಲು 2019ರಲ್ಲಿ ನಟ ಯಶ್ ಅವರ ಮಗುವಿಗೆ ಮುಟ್ಟಿದುದನ್ನು ಅನೇಕರು ಪತ್ರಿಕೆಗಳಲ್ಲಿ ಓದಿರಬಹುದು.

ಶಿಶುವಿಗೆ ಲಿಂಗಧಾರಣೆ ಮಾಡಿಸಿ, ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನವು ಯಾರಿಗೂ ಕಾಯುವುದಿಲ್ಲ. ತವರುಮನೆಯವರು ಬೀಗರನ್ನೂ ಬಂಧುಗಳನ್ನೂ ಕರೆದಿರುತ್ತಾರೆ. ಆ ದಿನಕ್ಕೆ ತೊಟ್ಟಿಲು ಬಾರದಿದ್ದರೆ, ಅಥವಾ ಅಳತೆ ತಪ್ಪಿ ಬಂದರೆ, ಆ ನೋವು ಹಣ ಹಿಂದಿರುಗಿಸಿದರೆ ಹೋಗುವಂಥದಲ್ಲ. ಅತ್ತ ಒಬ್ಬರ ಮನೆಗೆಂದೇ ಬರೆದ ತೊಟ್ಟಿಲು ಹಿಂದಿರುಗಿದರೆ ಕುಶಲಕರ್ಮಿಯ ದುಡಿಮೆ ನೀರಿನಲ್ಲಿ ಹೋಮವಾಗುತ್ತದೆ. ಆಯ್ಕೆಯ ಆಪ್ ಸರಿಯಾಗಿರಬೇಕಾದದ್ದು ಈ ಎರಡು ಮನೆಗಳ ಸಲುವಾಗಿ.

ಎಣಿಕೆಯ ತೊಡಕು

ಆನ್‌ಲೈನ್ ಅಂಗಡಿಯ ಮೂಲವ್ಯವಸ್ಥೆಯು ಆಯ್ಕೆಗಳನ್ನು ಒಂದರಿಂದೊಂದು ಗುಣಿಸುತ್ತದೆ. ತೊಟ್ಟಿಲಿಗೆ 3 ಅಳತೆ, 4 ಬಣ್ಣ, 5 ಚಿತ್ರಪ್ರಸಂಗ ಇಟ್ಟರೆ 60 ಬಗೆಗಳು. ನಿಲ್ಲಿಸುವ ಚೌಕಟ್ಟು ಬೇಕೇ, ತೂಗುಹಾಕುವ ಸರಪಳಿ ಸಾಕೇ ಎಂದು ಇನ್ನೊಂದು ಸೇರಿಸಿದರೆ 120. ಇಂಥ ಒಂದೊಂದು ಬಗೆಗೆ ‘ವೇರಿಯಂಟ್’ ಎಂದು ಹೆಸರು. ಶಾಪಿಫೈ ಎಂಬ ಕೆನಡಾ ದೇಶದ ಪ್ರಸಿದ್ಧ ವ್ಯವಸ್ಥೆಯಲ್ಲಿ ಒಂದು ಸರಕಿಗೆ 3 ತರದ ಆಯ್ಕೆ, 100 ಬಗೆ ಎಂಬ ಮಿತಿ ಬಹುಕಾಲ ಇತ್ತು. 2025ರಲ್ಲಿ ಬಗೆಗಳ ಮಿತಿಯನ್ನು 2,048ಕ್ಕೆ ಏರಿಸಿದರು. ಆದರೂ ತೊಡಕು ಪೂರ್ತಿ ತೀರಲಿಲ್ಲ. ಏಕೆಂದರೆ ವೇರಿಯಂಟ್ ಎಂಬುದು ಕಪಾಟಿನಲ್ಲಿ ಎಣಿಸಿಟ್ಟ ಸರಕಿನ ಲೆಕ್ಕ. ಗಿರಾಕಿಯು ಬರೆಯಿಸಬೇಕೆನ್ನುವ ಮನೆತನದ ಹೆಸರಿಗೆ, ಅವನು ಕಳುಹಿಸುವ ಭಾವಚಿತ್ರಕ್ಕೆ ಅಂಥ ಎಣಿಕೆ ಎಲ್ಲಿಯದು?

ಆದುದರಿಂದ ಒಂದು ವಿವೇಕವನ್ನು ಮನಸ್ಸಿನಲ್ಲಿಡಬೇಕು. ಮಾಡಿಟ್ಟು ಎಣಿಸಬಹುದಾದದ್ದನ್ನು ಮೂಲವ್ಯವಸ್ಥೆಯ ವೇರಿಯಂಟ್ ಆಗಿ ಇಡಬೇಕು; ಹೇಳಿದ ಮೇಲೆ ಮಾಡಿಕೊಡುವುದನ್ನು ಮಾತ್ರ ಆಪ್‌ಗೆ ಒಪ್ಪಿಸಬೇಕು. ಈ ಎರಡನ್ನೂ ಕಲಸಿದಲ್ಲಿ, ಇಲ್ಲದ ಸರಕನ್ನು ಇದೆಯೆಂದು ಪುಟವು ಹೇಳತೊಡಗುತ್ತದೆ.

ಆರಿಸುವ ಮುನ್ನ ನೋಡಬೇಕಾದುದು

ಮೊದಲನೆಯದು, ಒಂದು ಆಯ್ಕೆಗೆ ತಕ್ಕಂತೆ ಮುಂದಿನದು ತೆರೆಯುವ ಗುಣ ಆಪ್‌ನಲ್ಲಿರಬೇಕು. ತೊಟ್ಟಿಲನ್ನು ಹೇಳುವುದು ಮಗು ಹುಟ್ಟುವ ಮುನ್ನ. ಹೆಸರಿಡುವುದು ಹುಟ್ಟಿದ ಮೇಲೆ. ಆದುದರಿಂದ ‘ಹೆಸರು ಬರೆಯಿಸಬೇಕು’ ಎಂದವರಿಗೆ ಬರೆಯುವ ಜಾಗವೂ, ‘ಆಮೇಲೆ ತಿಳಿಸುತ್ತೇವೆ’ ಎಂದವರಿಗೆ ಯಾವ ದಿನದೊಳಗೆ ತಿಳಿಸಬೇಕೆಂಬ ಸೂಚನೆಯೂ, ‘ಬೇಡ’ ಎಂದವರಿಗೆ ಏನೂ ಇಲ್ಲದ ನೇರದಾರಿಯೂ ಕಾಣಬೇಕು. ಎಲ್ಲರ ಮುಂದೆಯೂ ಎಲ್ಲ ಪ್ರಶ್ನೆಗಳನ್ನು ಹರಡಿದರೆ ಗಿರಾಕಿಯು ಬೇಸತ್ತು ಏನನ್ನೋ ಒತ್ತಿ ಮುಂದೆ ಹೋಗುತ್ತಾನೆ.

ಎರಡನೆಯದು, ಕನ್ನಡ ಅಕ್ಷರ. ಬರಹದ ಜಾಗಕ್ಕೆ ಇಷ್ಟೇ ಅಕ್ಷರವೆಂದು ಮಿತಿ ಹಾಕುವ ಅನುಕೂಲ ಈ ಆಪ್‌ಗಳಲ್ಲಿ ಸಾಮಾನ್ಯ. ಆದರೆ ಗಣಕದ ಎಣಿಕೆಯೂ ನಮ್ಮ ಎಣಿಕೆಯೂ ಒಂದಲ್ಲ. ಗಣಕವು ವ್ಯಂಜನ, ಒತ್ತು, ಸ್ವರಚಿಹ್ನೆಗಳನ್ನು ಬೇರೆ ಬೇರೆಯಾಗಿ ಎಣಿಸುತ್ತದೆ. ‘ಶ್ರೀ’ ನಮಗೆ ಒಂದು ಅಕ್ಷರ, ಅದಕ್ಕೆ 4. ‘ಅಕ್ಕಮಹಾದೇವಿ’ ನಮಗೆ 6, ಅದಕ್ಕೆ 11. ಹತ್ತರ ಮಿತಿ ಹಾಕಿದ ಅಂಗಡಿಯಲ್ಲಿ ಆ ತಾಯಿಯ ಹೆಸರನ್ನು ಪೂರ್ತಿಯಾಗಿ ಬರೆಯಲಾಗದು. ಆದುದರಿಂದ ‘ಸಿದ್ಧಲಿಂಗ’, ‘ಮೃತ್ಯುಂಜಯ’, ‘ಶ್ರೀಶೈಲ’ ಮೊದಲಾದ ಒತ್ತಕ್ಷರದ ಹೆಸರುಗಳನ್ನು ಬರೆದು, ಅವು ಪುಟದಲ್ಲಿಯೂ ಅಚ್ಚಿನಲ್ಲಿಯೂ ಒಡೆಯದೆ ಬರುವುವೋ ಎಂದು ಪರೀಕ್ಷಿಸಬೇಕು.

ಮೂರನೆಯದು, ಕೆಲಸದ ಚೀಟಿ. ಗಿರಾಕಿಯು ಆರಿಸಿದ್ದೆಲ್ಲವೂ ಅಂಗಡಿಯವನಿಗೆ ಬರುವ ಆದೇಶದಲ್ಲಿ, ಅಚ್ಚಾಗುವ ಚೀಟಿಯಲ್ಲಿ, ಗಿರಾಕಿಗೆ ಹೋಗುವ ರಸೀದಿಯಲ್ಲಿ ಒಂದೇ ರೀತಿಯಾಗಿ ಇರಬೇಕು. ಬಡಿಗನೂ ಚಿತ್ರಗಾರನೂ ಆಪ್ ನೋಡುವವರಲ್ಲ. ಅವರ ಕೈಗೆ ಹೋಗುವುದು ಚೀಟಿ. ಅದರಲ್ಲಿ ಅಳತೆಯು ಅಡಿ-ಅಂಗುಲಗಳಲ್ಲಿ, ಬಣ್ಣವು ಅವರು ಕರೆಯುವ ಹೆಸರಿನಲ್ಲಿ ಇರಬೇಕು. ಪುಟದ ಮೇಲೆ ಎಷ್ಟೇ ಅಂದವಿದ್ದರೂ ಚೀಟಿ ಕೆಟ್ಟದ್ದಾದರೆ ಆ ಆಪ್ ಬೇಡ.

ನಾಲ್ಕನೆಯದು, ಬೆಲೆಯ ಕೂಡಿಕೆ. ಗಿರಾಕಿಯು ಚೌಕಟ್ಟನ್ನು ಆರಿಸಿದೊಡನೆ ಅದರ ಬೆಲೆ ಸೇರಿ ಒಟ್ಟು ಮೊತ್ತ ಕಣ್ಣಮುಂದೆ ಬದಲಾಗಬೇಕು. ಕೆಲವು ಆಪ್‌ಗಳು ಹೆಚ್ಚಿನ ಬೆಲೆಯನ್ನು ಒಂದು ಮರೆಯ ಸರಕಾಗಿ ಮಾಡಿ ಲೆಕ್ಕಕ್ಕೆ ಸೇರಿಸುತ್ತವೆ. ಆಗ ಹಣ ಹಿಂದಿರುಗಿಸುವಾಗ ತೊಟ್ಟಿಲಿನದು ಬೇರೆ, ಚೌಕಟ್ಟಿನದು ಬೇರೆಯಾಗಿ ಲೆಕ್ಕ ತಪ್ಪುವ ಸಂಭವವಿದೆ. ಒಂದು ಆದೇಶವನ್ನು ರದ್ದುಮಾಡಿ ನೋಡಿದರೆ ಇದು ತಿಳಿಯುತ್ತದೆ.

ಐದನೆಯದು, ಖರ್ಚು. ಆಪ್‌ಗಳಿಗೆ ತಿಂಗಳ ಬಾಡಿಗೆ ಇರುವುದೇ ಹೆಚ್ಚು. ಪರದೇಶದವುಗಳಲ್ಲಿ ಅದು ಡಾಲರಿನಲ್ಲಿ ಇರುವುದುಂಟು. ಉದಾಹರಣೆಗೆ ತಿಂಗಳಿಗೆ 800 ರೂಪಾಯಿ ತೆತ್ತು ನಾಲ್ಕೇ ತೊಟ್ಟಿಲು ಮಾರಿದರೆ ಒಂದೊಂದರ ಮೇಲೆ 200 ರೂಪಾಯಿ ಬಿತ್ತು. ಅದನ್ನು ಕುಶಲಕರ್ಮಿಯ ಕೂಲಿಯಲ್ಲಿ ಮುರಿಯುವುದು ಅನ್ಯಾಯ. ವರ್ಡ್‌ಪ್ರೆಸ್ ಮೇಲೆ ನಡೆಯುವ ವೂಕಾಮರ್ಸ್‌ನ ಮೂಲತಂತ್ರಾಂಶ ಉಚಿತವಾದರೂ ಅಲ್ಲಿಯೂ ಇಂಥ ಸೇರ್ಪಡೆಗಳಿಗೆ ಹಣ ತೆರಬೇಕಾಗಬಹುದು. ಅಂಗಡಿಯ ಪುಟವನ್ನು ಕಾಯ್ದುಕೊಳ್ಳುವ ಹೊಣೆಯೂ ನಮ್ಮದೇ. ಆಪ್ ಬಿಟ್ಟ ದಿನ ಹಳೆಯ ಆದೇಶಗಳ ವಿವರ ನಮ್ಮಲ್ಲಿ ಉಳಿಯುವುದೋ ಎಂಬುದನ್ನೂ ಮೊದಲೇ ಕೇಳಿಕೊಳ್ಳಬೇಕು.

ಲಕ್ಕಮ್ಮನವರ ಅಕ್ಕಿ

ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮನವರು ಆ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿಸಿದ ಪ್ರಸಂಗವನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲರು. ಆಯ್ಕೆಯ ಆಪ್ ಹಾಕುವವರು ಈ ಪ್ರಸಂಗವನ್ನು ಮರೆಯಲಾಗದು. ಏಕೆಂದರೆ ಹೆಚ್ಚಿನ ಅಕ್ಕಿಯನ್ನು ಸದ್ದಿಲ್ಲದೆ ತುಂಬಿಕೊಳ್ಳುವ ಉಪಾಯಗಳು ಈ ಆಪ್‌ಗಳಲ್ಲಿ ಬೇಕಾದಷ್ಟಿವೆ. ಹಾಸಿಗೆ, ಹೊದಿಕೆ, ಉಡುಗೊರೆಯ ಪೆಟ್ಟಿಗೆ ಇವುಗಳಿಗೆ ಮೊದಲೇ ಗುರುತು ಹಾಕಿಟ್ಟರೆ, ಗಮನಿಸದ ಗಿರಾಕಿ ಹಣ ತೆತ್ತುಬಿಡುತ್ತಾನೆ.

ಇದನ್ನು ನಾಡಿನ ಕಾನೂನೂ ಒಪ್ಪುವುದಿಲ್ಲ. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳು, ಮೊದಲೇ ಗುರುತು ಹಾಕಿದ ಚೌಕವನ್ನು ಗಿರಾಕಿಯ ಒಪ್ಪಿಗೆಯೆಂದು ಎಣಿಸಬಾರದೆಂದು ಹೇಳುತ್ತವೆ. ಸಾಗಣೆ, ತೆರಿಗೆ ಮೊದಲಾದವುಗಳ ವಿವರದೊಡನೆ ಒಟ್ಟು ಬೆಲೆಯನ್ನು ಒಂದೇ ಮೊತ್ತವಾಗಿ ತೋರಿಸಬೇಕೆಂದೂ ವಿಧಿಸುತ್ತವೆ. 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಹೊರಡಿಸಿದ ಮಾರ್ಗಸೂಚಿಗಳು ಇಂಥ 13 ಕಪಟರೀತಿಗಳನ್ನು ಹೆಸರಿಸಿ ನಿಷೇಧಿಸಿವೆ. ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಬೆಲೆಯನ್ನು ತುಸುತುಸುವಾಗಿ ಬಯಲುಮಾಡುವುದು, ಇನ್ನು ಎರಡೇ ಉಳಿದಿವೆ ಎಂದು ಸುಳ್ಳು ಅವಸರ ಹುಟ್ಟಿಸುವುದು ಇವೆಲ್ಲ ಅದರಲ್ಲಿ ಸೇರಿವೆ. ಹಾಗೆಯೇ ಯಂತ್ರದ ಹಾಸನ್ನು ನವಲಗುಂದದ ಜಮಖಾನದ ಪುಟದಲ್ಲಿ ‘ಕಡಿಮೆ ಬೆಲೆಯದು’ ಎಂಬ ಇನ್ನೊಂದು ಆಯ್ಕೆಯಾಗಿ ಇಡಲಾಗದು; ಭೌಗೋಳಿಕ ಸೂಚಿಕೆಯ ಹೆಸರು ಆ ನೆಲದ, ಆ ಕೈಗಳ ಸರಕಿಗೆ ಮಾತ್ರ ಸಲ್ಲುತ್ತದೆ. ಕಾನೂನು 2020ರಲ್ಲಿ, 2023ರಲ್ಲಿ ಹೇಳಿದ ಮಾತಿನ ತಿರುಳು ಲಕ್ಕಮ್ಮನವರ ಅಡುಗೆಮನೆಯಲ್ಲಿ ಎಂಟು ಶತಮಾನಗಳ ಹಿಂದೆಯೇ ಇತ್ತು.

ಮಿತಿಯೇ ಮರ್ಯಾದೆ

ಈ ವ್ಯಾಪಾರಕ್ಕೆ ಇಳಿಯುವ ತರುಣರಿಗೆ ನಮ್ಮ ಸೂಚನೆ ಇಷ್ಟೇ. ಮೊದಲು ಆಪ್‌ಗಳ ಪಟ್ಟಿ ಹಿಡಿಯಬೇಡಿರಿ. ಮೊದಲು ಬಡಿಗರ, ಚಿತ್ರಗಾರರ, ನೇಯುವ ತಾಯಂದಿರ ಮುಂದೆ ಹೋಗಿ ಕುಳಿತು, ಅವರು ಏನನ್ನು ಮಾಡಬಲ್ಲರು, ಎಷ್ಟು ದಿನ ಬೇಕು, ಯಾವುದನ್ನು ಮಾಡಲಾರರು ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಿರಿ. ಅವರು ಒಪ್ಪಿದ್ದನ್ನು ಮಾತ್ರ ಪುಟಕ್ಕೆ ಏರಿಸಿರಿ. ಆಮೇಲೆ ಎರಡು ಮೂರು ಆಪ್‌ಗಳನ್ನು ಅವು ಕೊಡುವ ಪರೀಕ್ಷಾವಧಿಯಲ್ಲಿ ಹಾಕಿ, ಮನೆಯ ಹಿರಿಯರೊಬ್ಬರ ಕೈಗೆ ಸಾಧಾರಣ ಮೊಬೈಲು ಕೊಟ್ಟು, ಒಂದು ತೊಟ್ಟಿಲನ್ನು ಅವರಿಂದ ಆದೇಶಿಸಿರಿ. ಅಚ್ಚಾದ ಚೀಟಿಯನ್ನು ಕುಶಲಕರ್ಮಿಗೆ ತೋರಿಸಿ, ನೀವು ಬಾಯಿ ತೆರೆಯದೆ, ಅವರಿಗೆ ಏನು ತಿಳಿಯಿತೆಂದು ಕೇಳಿರಿ. ಹಿರಿಯರು ಬೇಡಿದ್ದೂ ಕುಶಲಕರ್ಮಿಗೆ ತಿಳಿದದ್ದೂ ಒಂದೇ ಆಗಿದ್ದರೆ ಆ ಆಪ್ ಯೋಗ್ಯ. ಇಲ್ಲದಿದ್ದರೆ ಅದರ ಹೆಸರು ಎಷ್ಟೇ ದೊಡ್ಡದಿದ್ದರೂ ನಮಗೆ ಸಲ್ಲದು.

ಕೊಳ್ಳುವ ಮನೆತನಗಳಿಗೂ ಒಂದು ಮಾತು. ಐದೇ ಚಿತ್ರ, ಮೂರೇ ಅಳತೆ ತೋರಿಸುವ ಅಂಗಡಿಯನ್ನು ಕಂಡು ಇದು ಚಿಕ್ಕದೆಂದು ತಿರುಗಬೇಡಿರಿ. ತನ್ನ ಕೈಲಾಗುವಷ್ಟನ್ನೇ ಹೇಳುವವನು ಹೇಳಿದ ದಿನಕ್ಕೆ ಕೊಡಬಲ್ಲನು. ಹಬ್ಬದ ಹೊತ್ತಿಗೆ, ಹೆಸರಿಡುವ ಹೊತ್ತಿಗೆ ಬೇಕೆನ್ನುವವರು ತಿಂಗಳುಗಳ ಮುಂಚೆ ಹೇಳಿ, ಸಂಚಕಾರ ಕೊಟ್ಟು, ಕೈಕೆಲಸಕ್ಕೆ ಸಲ್ಲಬೇಕಾದ ಕಾಲವನ್ನು ಸಲ್ಲಿಸಿರಿ. ಮಾರುವವನ ಪುಟದಲ್ಲಿ ಸತ್ಯವೂ ಕೊಳ್ಳುವವನ ಮನಸ್ಸಿನಲ್ಲಿ ತಾಳ್ಮೆಯೂ ಇದ್ದರೆ, ಕಲಘಟಗಿಯ ತೊಟ್ಟಿಲು ಇನ್ನೂ ಅನೇಕ ತಲೆಮಾರುಗಳ ಕಂದಮ್ಮಗಳನ್ನು ತೂಗೀತು.