ಮೆತ್ತಗಿರಬೇಕು, ಆದ್ರೆ ಕುಸಿಯಬಾರದು: ಪ್ಯಾಡ್ ಮೇಲಿನ ತೆಳು ಬಟ್ಟೆಯ ಲೆಕ್ಕಾಚಾರ

ಬ್ಯಾಟರಾಯನಪುರದಿಂದ ಮಾತಾಡ್ತಾ ಇದ್ದೀನಿ. ನಮ್ಮ ಕಡೆಯ ಎಷ್ಟೋ ಮೆಡಿಕಲ್ ಶಾಪ್‌ಗಳಲ್ಲಿ ಸ್ಯಾನಿಟರಿ ಪ್ಯಾಡನ್ನ ಇವತ್ತಿಗೂ ಪೇಪರಲ್ಲಿ ಸುತ್ತಿಯೇ ಕೊಡ್ತಾರೆ. ಹಾಗೆ ಮುಚ್ಚಿಟ್ಟು ಕೊಳ್ಳೋ ವಸ್ತುವಿನ ಗುಣಮಟ್ಟದ ಬಗ್ಗೆ ಅಂಗಡಿಯಲ್ಲಿ ಯಾರು ಪ್ರಶ್ನೆ ಕೇಳ್ತಾರೆ ಹೇಳಿ? ಅದಕ್ಕೇ ಇವತ್ತು ಕೇಳೋಣ. ಬೆಳಿಗ್ಗೆ ಹತ್ತಿಯ ಹಾಗೆ ಮೆತ್ತಗಿದ್ದ ಪ್ಯಾಡ್ ಮಧ್ಯಾಹ್ನದ ಹೊತ್ತಿಗೆ ಚಪ್ಪಟೆಯಾಗಿ, ಒದ್ದೆಯಾಗಿ, ತೊಡೆ ಉಜ್ಜೋದು ಯಾಕೆ?

ಚರ್ಮಕ್ಕೆ ತಾಗೋ ಮೇಲಿನ ಪದರ ಸಾಮಾನ್ಯವಾಗಿ ನೇಯ್ದ ಬಟ್ಟೆ ಅಲ್ಲ, ನಾನ್‌ವೊವನ್. ಕೋವಿಡ್ ಕಾಲದ ನೀಲಿ ಮಾಸ್ಕ್ ನೆನಪಿದೆಯಲ್ಲ, ಅದೇ ಜಾತಿ. ಮಗ್ಗ ಇಲ್ಲ, ಹಾಸು-ಹೊಕ್ಕು ಇಲ್ಲ. ಇದನ್ನ ಮಾಡೋಕೆ ಮುಖ್ಯವಾಗಿ ಎರಡು ದಾರಿ. ಒಂದು, ಶ್ಯಾವಿಗೆ ಒತ್ತಿದ ಹಾಗೆ: ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕನ್ನ ಕರಗಿಸಿ, ಸಣ್ಣ ತೂತುಗಳಿಂದ ಎಳೆ ತೆಗೆದು, ಓಡೋ ಬೆಲ್ಟಿನ ಮೇಲೆ ಹರಡ್ತಾರೆ. ಇದು ಸ್ಪನ್‌ಬಾಂಡ್. ಇನ್ನೊಂದು, ಹಾಸಿಗೆಗೆ ಹತ್ತಿ ಹಿಂಜಿದ ಹಾಗೆ: ತುಂಡು ಎಳೆಗಳನ್ನ ಹಿಂಜಿ ಹಾಳೆ ಮಾಡ್ತಾರೆ. ಇದು ಕಾರ್ಡಿಂಗ್.

ಹರಡಿದ ಎಳೆಗಳು ಒಂದಕ್ಕೊಂದು ಅಂಟಬೇಕಲ್ಲ? ಸ್ಪನ್‌ಬಾಂಡ್‌ನಲ್ಲಿ ಬಿಸಿ ರೋಲರ್ ಚುಕ್ಕಿಚುಕ್ಕಿಯಾಗಿ ಒತ್ತುತ್ತೆ, ಕೌದಿಗೆ ಹೊಲಿಗೆ ಹಾಕಿದ ಹಾಗೆ. ಚುಕ್ಕಿ ಜಾಸ್ತಿಯಾದ್ರೆ ಬಟ್ಟೆ ಗಟ್ಟಿ, ಆದ್ರೆ ಒರಟು. ಕಡಿಮೆಯಾದ್ರೆ ಮೆತ್ತಗೆ, ಆದ್ರೆ ನೂಲು ಎದ್ದು ಬರುತ್ತೆ. ಕಾರ್ಡಿಂಗ್ ಬಟ್ಟೆಗೆ ಇನ್ನೊಂದು ಉಪಾಯ ಇದೆ. ಎರಡು ಪ್ಲಾಸ್ಟಿಕ್ಕಿನ ಎಳೆ ತಗೋತಾರೆ. ಒಳಗೆ ಪಾಲಿಯೆಸ್ಟರ್, ಹೊರಗೆ ಸುಮಾರು 130 ಡಿಗ್ರಿಗೇ ಕರಗೋ ಪಾಲಿಎಥಿಲೀನ್. ಅದರೊಳಗೆ ಬಿಸಿಗಾಳಿ ಹಾಯಿಸಿದ್ರೆ ಹೊರಪದರ ಮಾತ್ರ ಕರಗಿ, ಎಳೆಗಳು ಸಂಧಿಸೋ ಕಡೆ ಅಂಟಿಕೊಳ್ಳುತ್ತೆ. ರೋಲರ್ ಒತ್ತೋದೇ ಇಲ್ಲ, ಹಾಗಾಗಿ ಬಟ್ಟೆ ಉಬ್ಬಿಕೊಂಡೇ ಇರುತ್ತೆ.

ಈಗ ಅಸಲಿ ಜಗಳಕ್ಕೆ ಬರೋಣ. ಮೆತ್ತಗಿರಬೇಕು ಅಂದ್ರೆ ಎಳೆ ಸಣ್ಣದಿರಬೇಕು. ಕೂತು ಎದ್ದ ಮೇಲೆ ಮತ್ತೆ ಉಬ್ಬಬೇಕು ಅಂದ್ರೆ ಎಳೆ ದಪ್ಪ ಇರಬೇಕು, ಸ್ಪ್ರಿಂಗ್ ತರ ಸುರುಳಿ ಇರಬೇಕು. ಒಂದೇ ಪದರ ಎರಡನ್ನೂ ಪೂರ್ತಿ ಕೊಡೋದು ಕಷ್ಟ. ಅದಕ್ಕೆ ಒಳ್ಳೆ ಪ್ಯಾಡಲ್ಲಿ ಕೆಲಸ ಹಂಚಿರ್ತಾರೆ: ಮೇಲೆ ಸಣ್ಣ ಎಳೆಯ ಪದರ, ಅದರ ಕೆಳಗೆ ದಪ್ಪ ಎಳೆಯ, ಉಬ್ಬಿದ ಎರಡನೇ ಪದರ. ಈ ಎರಡನೆಯದು ದ್ರವವನ್ನ ಬೇಗ ಇಳಿಸಿಕೊಂಡು ಅಗಲಕ್ಕೆ ಹರಡುತ್ತೆ. ಅದರ ಕೆಳಗಿರೋ ಜೆಲ್ ಪುಡಿ ಹೀರೋಕೆ ಸ್ವಲ್ಪ ಸಮಯ ಬೇಕು, ಅಲ್ಲಿವರೆಗೂ ದ್ರವಕ್ಕೆ ಜಾಗ ಕೊಡೋದು ಈ ಪದರವೇ. ಅದು ಕುಸಿದ್ರೆ ಜಾಗ ಹೋಯ್ತು. ದ್ರವ ವಾಪಸ್ ಮೇಲೆ ಬರುತ್ತೆ, ಇಲ್ಲಾ ಪಕ್ಕದಿಂದ ಸೋರುತ್ತೆ.

ಹಾಗಾದ್ರೆ ಶುದ್ಧ ಹತ್ತಿಯನ್ನೇ ಹಾಕಬಹುದಲ್ವಾ ಅಂತ ಕೇಳಬಹುದು. ಹತ್ತಿ ಮೃದು, ಮಣ್ಣಲ್ಲಿ ಕರಗುತ್ತೆ, ನಿಜ. ಆದ್ರೆ ಅದರ ಎಳೆ ತಾನೇ ನೀರು ಕುಡಿದು ಬಿಗಿ ಕಳ್ಕೊಳ್ಳುತ್ತೆ, ಒದ್ದೆಯಾದ ಮೇಲೆ ಮತ್ತೆ ಉಬ್ಬಲ್ಲ. ಪಾಲಿಯೆಸ್ಟರ್ ನೀರು ಕುಡಿಯೋದು ಇಲ್ಲ ಅನ್ನೋವಷ್ಟು ಕಡಿಮೆ, ಅದಕ್ಕೇ ಒದ್ದೆಯಲ್ಲೂ ಎದ್ದು ನಿಲ್ಲುತ್ತೆ. ಅದರ ಬೆಲೆಯನ್ನ ನಾವು ಕಸದಲ್ಲಿ ಕೊಡ್ತೀವಿ. ಕೆಂಪು ಗುರುತು ಹಾಕಿ ಆಟೋ ಟಿಪ್ಪರಿಗೆ ಕೊಡೋ ಆ ಪೊಟ್ಟಣ ಕೊಳೆಯಲ್ಲ.

ನಾನು ಓದಿದ್ದು ಬಿ.ಕಾಂ., ಹಾಗಾಗಿ ಲೆಕ್ಕ ಬಿಡಲ್ಲ. 24 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲದ ಹಾಳೆ ಅಂದುಕೊಳ್ಳಿ. ಬಟ್ಟೆ ಚದರ ಮೀಟರಿಗೆ 25 ಗ್ರಾಂ ಇದ್ರೆ, ಒಂದು ಪ್ಯಾಡಿಗೆ ಹೋಗೋದು ಅರ್ಧ ಗ್ರಾಂಗಿಂತ ಸ್ವಲ್ಪ ಕಡಿಮೆ. ಅದನ್ನ 20 ಗ್ರಾಂಗೆ ಇಳಿಸಿದ್ರೆ ಒಂದು ಪ್ಯಾಡಲ್ಲಿ ಉಳಿಯೋದು 0.096 ಗ್ರಾಂ. ಕೈಗೆ ಗೊತ್ತೇ ಆಗಲ್ಲ. ಆದ್ರೆ ಒಂದು ಕೋಟಿ ಪ್ಯಾಡಿಗೆ 960 ಕೆ.ಜಿ. ಬಟ್ಟೆ ಉಳೀತು! ಇನ್ನೊಂದು ವಿಷಯ: 2018ರ ಜುಲೈನಲ್ಲಿ ಪ್ಯಾಡ್ ಮೇಲಿನ 12% ಜಿಎಸ್‌ಟಿ ತೆಗೆದ್ರು. ತೆರಿಗೆ ಇಲ್ಲದ ವಸ್ತುವಿಗೆ ಇನ್‌ಪುಟ್ ಕ್ರೆಡಿಟ್ ಸಿಗಲ್ಲ. ಅಂದ್ರೆ ತಯಾರಕರು ಕೊಳ್ಳೋ ನಾನ್‌ವೊವನ್ ಮೇಲಿನ ತೆರಿಗೆ ಅವರ ಖರ್ಚಲ್ಲೇ ಉಳಿಯುತ್ತೆ. ಗ್ರಾಂ ಕತ್ತರಿಸೋ ಆಸೆಗೆ ಅದೂ ಒಂದು ಕಾರಣ.

ಇದರ ಬಿಸಿ ತಟ್ಟೋದು ಯಾರಿಗೆ? ನಮ್ಮ ರಾಜ್ಯದ ಶುಚಿ ಯೋಜನೆ 2013-14ರಲ್ಲಿ ಶುರುವಾಗಿ, ಮಧ್ಯೆ ನಿಂತು, 2024ರಲ್ಲಿ ಮತ್ತೆ ಬಂತು. ಸರ್ಕಾರಿ ಶಾಲೆ, ಹಾಸ್ಟೆಲ್‌ಗಳ 10ರಿಂದ 18 ವರ್ಷದ ಹೆಣ್ಣುಮಕ್ಕಳಿಗೆ ಉಚಿತ ಪ್ಯಾಡ್. ಒಳ್ಳೆಯ ಯೋಜನೆಯೇ. ಆದ್ರೆ ಉಚಿತ ಪ್ಯಾಡಲ್ಲಿ ಬ್ರ್ಯಾಂಡ್ ಆರಿಸೋ ಅವಕಾಶ ಆ ಹುಡುಗಿಗೆ ಇರಲ್ಲ, ಕೊಟ್ಟಿದ್ದೇ ಗತಿ. ಭಾರತೀಯ ಮಾನಕ ಐಎಸ್ 5405ರ 1980ರ ಆವೃತ್ತಿ ಪ್ರಕಾರ, ನಿಮಿಷಕ್ಕೆ 15 ಮಿ.ಲೀ. ವೇಗದಲ್ಲಿ 30 ಮಿ.ಲೀ. ದ್ರವ ಬಿಟ್ಟಾಗ ಅದು ತಳದಲ್ಲಾಗಲಿ ಪಕ್ಕದಲ್ಲಾಗಲಿ ಕಾಣಿಸಬಾರದು. 2019ರಲ್ಲಿ ಆ ಮಾನಕ ಪರಿಷ್ಕರಣೆಯೂ ಆಯ್ತು. ಆದ್ರೆ ಟೇಬಲ್ ಮೇಲೆ ಸೋರದೇ ಇರೋದು ಬೇರೆ, ಬೆಂಚಿನ ಮೇಲೆ ಮೂರು ಪೀರಿಯಡ್ ಕೂತು ಆಮೇಲೆ ಆಟದ ಮೈದಾನಕ್ಕೆ ಹೋಗೋದು ಬೇರೆ. ಖರೀದಿ ಮಾಡೋರು ಎಷ್ಟು ಹೀರುತ್ತೆ ಅಂತ ಕೇಳಿದ ಹಾಗೇ, ಒತ್ತಿದ ಮೇಲೆ ಎಷ್ಟು ಎದ್ದು ನಿಲ್ಲುತ್ತೆ ಅಂತಾನೂ ಕೇಳಬೇಕು.

ನೀವೂ ಮನೇಲಿ ನೋಡಬಹುದು. ಎರಡು ಬ್ರ್ಯಾಂಡಿನ ಪ್ಯಾಡ್ ತಗೊಳ್ಳಿ. ಔಷಧಿ ಮುಚ್ಚಳದಲ್ಲಿ 10 ಮಿ.ಲೀ. ನೀರು ಅಳೆದು ಎರಡಕ್ಕೂ ಹಾಕಿ, ಐದು ನಿಮಿಷ ಬಿಡಿ. ಮೇಲೆ ಒಣ ಟಿಶ್ಯೂ ಇಟ್ಟು, ಒಂದು ಕೆ.ಜಿ. ಉಪ್ಪಿನ ಪ್ಯಾಕೆಟ್ ಇಡಿ. ತೆಗೆದ ಮೇಲೆ ಟಿಶ್ಯೂ ಎಷ್ಟು ಒದ್ದೆಯಾಗಿದೆ, ಪ್ಯಾಡ್ ಎಷ್ಟು ಉಬ್ಬಿದೆ ನೋಡಿ. ನೀರು ರಕ್ತದಷ್ಟು ಮಂದ ಅಲ್ಲ, ಆದ್ರೆ ಎರಡನ್ನ ಪಕ್ಕಪಕ್ಕ ಹೋಲಿಸೋಕೆ ಸಾಕು. ಪ್ಯಾಕೆಟ್ ಮೇಲಿನ ‘ಸಾಫ್ಟ್’ ಅನ್ನೋ ಪದಕ್ಕಿಂತ ಆ ಟಿಶ್ಯೂ ಜಾಸ್ತಿ ಹೇಳುತ್ತೆ. ಮಾಡಿ ನೋಡಿ, ಏನಾಯ್ತು ಅಂತ ಬರೀರಿ. ಮುಂದಿನ ವಾರ ಸಿಗೋಣ.